ಸುರಂಗದಲ್ಲಿ ಅರವತ್ತೊಂದು, ಬಯಲಲ್ಲಿ ಎಂಟು

ನನ್ನ ಹೆಂಡತಿಗೆ ನನ್ನ ಮೇಲಿರುವ ದೂರು ಒಂದೇ: ನಾನು ಯಾವುದನ್ನೂ ಅದರ ಪಾಡಿಗೆ ಬಿಡುವುದಿಲ್ಲ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಬೇರೆಯವರು ಬಕೆಟ್ ಇಟ್ಟು ಕಾಯುತ್ತಾರೆ. ನಾನು ಒಂದು ಚೊಂಬು ತುಂಬಲು ಎಷ್ಟು ಸೆಕೆಂಡು ಬೇಕೆಂದು ಬರೆದಿಟ್ಟುಕೊಳ್ಳುತ್ತೇನೆ. ಇದು ಕುತೂಹಲವೆಂದು ನನ್ನ ವಾದ, ಕೆಲಸವಿಲ್ಲದವನ ಕೆಲಸವೆಂದು ಅವಳ ತೀರ್ಪು.

ಕೆಲಸವೇನೋ ನನಗಿದೆ. ವಾಷಿಂಗ್ ಮಷೀನು, ಫ್ರಿಜ್ಜುಗಳ ಜೊತೆ ಡಬ್ಬದೊಳಗೆ ಯಾರೂ ಓದದ ಒಂದು ಪುಸ್ತಕ ಬರುತ್ತದಲ್ಲ, ಅದನ್ನು ಬರೆಯುವವನು ನಾನು. ಕೆಲಸ ಮನೆಯಿಂದಲೇ. ಆಫೀಸಿನ ಕಡತಗಳನ್ನು ತರಿಸಿಕೊಳ್ಳಲು ವಿಪಿಎನ್ ಎಂಬ ಏರ್ಪಾಡಿದೆ. ಅಂದರೆ ನನ್ನ ಲ್ಯಾಪ್‌ಟಾಪಿನಿಂದ ಆಫೀಸಿನವರೆಗೆ ಇಂಟರ್ನೆಟ್ಟಿನ ಒಳಗೇ ಕೊರೆದ ಗುಟ್ಟಿನ ಸುರಂಗ. ಹೆಂಡತಿ ಡಾಕ್ಟರು. ಪಕ್ಕದ ಕೋಣೆಯಲ್ಲಿ ಕುಳಿತು, ಆಸ್ಪತ್ರೆಯಿಂದ ಬರುವ ಸ್ಕ್ಯಾನುಗಳನ್ನು ನೋಡಿ ವರದಿ ಕೊಡುತ್ತಾಳೆ. ಮೂರನೆಯವರು ಅತ್ತೆ, ಅವಳ ತಾಯಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರಾಗಿದ್ದು ನಿವೃತ್ತರಾದವರು. ದಿನವಿಡೀ ಹಾಲಿನಲ್ಲಿ ಕುಳಿತು (ಕುಡಿಯುವ ಹಾಲಲ್ಲ, ನಡುಮನೆ) ಪದಬಂಧ ತುಂಬುತ್ತಾರೆ. ಮಾತು ಕಡಿಮೆ.

ಒಂದು ಮಂಗಳವಾರ ಬೆಳಿಗ್ಗೆ, ಹಳೆಯ ಗೋಡೆ ಗಡಿಯಾರ ಬಿಚ್ಚಿ ರಿಪೇರಿ ಮಾಡುವ ವಿಡಿಯೋ ಒಂದನ್ನು ನೋಡುತ್ತಿದ್ದೆ. ಗಡಿಯಾರದ ಚಕ್ರಕ್ಕಿಂತ, ‘ಸ್ವಲ್ಪ ಕಾಯಿರಿ’ ಎನ್ನುವ ಚಕ್ರವೇ ಹೆಚ್ಚು ತಿರುಗುತ್ತಿತ್ತು. ಡೌನ್‌ಲೋಡ್ ವೇಗ ಅಳೆದೆ. ಎಂಟು ಬಂತು. ನಮಗೆ ಬರಬೇಕಾದದ್ದು ಅರವತ್ತರ ಮೇಲೆ. ಆಮೇಲೆ ಆಫೀಸಿನ ಕಡತ ಬೇಕಾಗಿ ವಿಪಿಎನ್ ಹಾಕಿದೆ. ಚಟ ಬಿಡಬೇಕಲ್ಲ, ಮತ್ತೆ ಅಳೆದೆ. ಅರವತ್ತೊಂದು!

ಕಣ್ಣುಜ್ಜಿಕೊಂಡು ನೋಡಿದರೂ ಅರವತ್ತೊಂದೇ. ಕೂಡಲೇ ನಮ್ಮ ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವಾತನಿಗೆ ಫೋನ್ ಮಾಡಿದೆ. ಆತ ಶಾಂತವಾಗಿ, “ಸರ್, ವಿಪಿಎನ್ ಅಂದ್ರೆ ಸುತ್ತು ದಾರಿ. ಅದನ್ನ ಹಾಕಿದ್ರೆ ವೇಗ ಕಮ್ಮಿ ಆಗ್ಬೇಕೇ ಹೊರತು ಜಾಸ್ತಿ ಆಗಲ್ಲ. ಇನ್ನೊಂದ್ಸಲ ನೋಡಿ,” ಎಂದ.

ಇನ್ನೊಂದು ಸಲವೇ? ಅಂದು, ಮರುದಿನ ಸೇರಿ ನಲವತ್ತೆರಡು ಸಲ ನೋಡಿದೆ. ಒಂದೇ ಗಾತ್ರದ ವಿಡಿಯೋಗಳನ್ನು ಆರಿಸಿ, ಒಮ್ಮೆ ಸುರಂಗದಲ್ಲಿ, ಒಮ್ಮೆ ಬಯಲಲ್ಲಿ, ಅಂದರೆ ವಿಪಿಎನ್ ಇಲ್ಲದೆ, ಇಳಿಸಿಕೊಂಡೆ. ಊಟದ ಮೇಜಿನ ಮೇಲೆ, ಬೀರುವಿನ ನೆತ್ತಿಯ ಮೇಲೆ, ಬಚ್ಚಲಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಲ್ಯಾಪ್‌ಟಾಪ್ ಪ್ರತಿಷ್ಠಾಪನೆಯಾಯಿತು. ಬಾಗಿಲು ತೆರೆದು ಒಂದು ಅಳತೆ, ಮುಚ್ಚಿ ಒಂದು ಅಳತೆ. ಅತ್ತೆಯವರ ಫೋನನ್ನೂ ಸ್ವಲ್ಪ ಹೊತ್ತು ಆರಿಸಿಡಬೇಕೆಂದು ವಿನಂತಿಸಿಕೊಂಡೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿ, ಆರಿಸಿ ಕೊಟ್ಟರು. ಎಲ್ಲಿಟ್ಟರೂ ಬಯಲಲ್ಲಿ ಎಂಟು, ಸುರಂಗದಲ್ಲಿ ಅರವತ್ತರ ಆಸುಪಾಸು.

ಕೆಳಗಿನ ಮಹಡಿಯ ಟೈಲರ್ ಮನೆಗೂ ಲ್ಯಾಪ್‌ಟಾಪ್ ಹೊತ್ತೊಯ್ದೆ. ಅವನು ಹೊಲಿಗೆ ನಿಲ್ಲಿಸದೆಯೇ ತನ್ನ ವೈಫೈ ಪಾಸ್‌ವರ್ಡ್ ಹೇಳಿದ. ಅಲ್ಲಿ ವಿಪಿಎನ್ ಹಾಕಿದೊಡನೆ ವೇಗ ಸಭ್ಯವಾಗಿ ಕಡಿಮೆಯಾಯಿತು. ಹಾಗಾದರೆ ಈ ಪವಾಡ ನಡೆಯುವುದು ನಮ್ಮ ಮನೆಯೊಂದರಲ್ಲೇ! ಬುಧವಾರ ಸಂಜೆ ನನ್ನ ಮಹಾಪ್ರಬಂಧವನ್ನು ಪೂರೈಸಿದೆ. ಎಂಟು ಪುಟ, ನಾಲ್ಕು ಪಟ್ಟಿ. ಯಾವ ವಿಡಿಯೋ, ಎಷ್ಟು ಗಂಟೆಗೆ, ಎಷ್ಟು ವೇಗ, ಎಲ್ಲವೂ ಇದ್ದವು. ಅದನ್ನು ನೆಟ್‌ವರ್ಕಿನವನಿಗೆ ಕಳಿಸಿ, ಗುರುವಾರದಿಂದ ಗಡಿಯಾರದ ವಿಡಿಯೋಗಳನ್ನೆಲ್ಲ ಸುರಂಗಕ್ಕೇ ಇಳಿಸಿಬಿಟ್ಟೆ. ನೀರು ಹರಿದಂತೆ ಹರಿದವು.

ಗುರುವಾರ ಹನ್ನೊಂದರ ಹೊತ್ತಿಗೆ ಹೆಂಡತಿ ಬಾಗಿಲಲ್ಲಿ ನಿಂತಳು. ಮೆಟ್ಟಿಲಿಂದ ಜಾರಿ ಬಿದ್ದು ತಲೆಗೆ ಪೆಟ್ಟಾದ ಮುದುಕರೊಬ್ಬರ ಸ್ಕ್ಯಾನು ಬರಬೇಕಿತ್ತಂತೆ, ಆಮೆಯ ಹಾಗೆ ತೆವಳುತ್ತಿದೆಯಂತೆ. ಸ್ಕ್ಯಾನು ಕಳಿಸಿದ ಇಪ್ಪತ್ತು ನಿಮಿಷದೊಳಗೆ ವರದಿ ಕೊಡುವೆನೆಂಬ ಮಾತಿನ ಮೇಲೆಯೇ ಆಸ್ಪತ್ರೆಯವರು ಅವಳನ್ನು ಮನೆಯಲ್ಲಿ ಕೂತು ಕೆಲಸ ಮಾಡಲು ಬಿಟ್ಟದ್ದು. ಅದಾಗಲೇ ಹನ್ನೆರಡು ನಿಮಿಷ ಕಳೆದಿತ್ತು. ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂದಿತ್ತು.

“ರೀ, ನೀವೇನಾದ್ರೂ ಮಾಡ್ತಿದ್ದೀರಾ?”

“ನಾನೇನು ಮಾಡ್ಲಿ? ಇರು, ಎಷ್ಟು ವೇಗ ಬರ್ತಿದೆ ಅಂತ ಅಳೆದು ಹೇಳ್ತೀನಿ.”

ಅಳೆಯತೊಡಗಿದೆ, ಸುರಂಗದೊಳಗಿಂದಲೇ. ಪಕ್ಕದ ಕೋಣೆಯಲ್ಲಿ ಸ್ಕ್ಯಾನು ನೂರಕ್ಕೆ ಎಪ್ಪತ್ತೊಂದರಲ್ಲಿ ಕಲ್ಲಿನಂತೆ ನಿಂತುಬಿಟ್ಟಿತು. “ಅರವತ್ತು ಬರ್ತಿದೆಯಲ್ಲ, ತೊಂದರೆ ನಿಮ್ಮ ಆಸ್ಪತ್ರೇದೇ ಇರ್ಬೇಕು,” ಎಂದು ನಾನು ಕೂಗಿ ಹೇಳುವಷ್ಟರಲ್ಲಿ ಅತ್ತೆ ಎದ್ದು ಬಂದರು. ನನ್ನ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಅದರ ಮೇಲೆ ಕೈಯಿಟ್ಟು ನಿಂತರು.

“ಬಂತಮ್ಮ, ಬಂತು!” ಎಂದು ಪಕ್ಕದ ಕೋಣೆಯಿಂದ ಹೆಂಡತಿಯ ದನಿ ಕೇಳಿಸಿತು. ಹತ್ತೊಂಬತ್ತನೆಯ ನಿಮಿಷಕ್ಕೆ ವರದಿ ಹೋಯಿತು. ಮುದುಕರ ತಲೆಯೊಳಗೆ ರಕ್ತಸ್ರಾವವಿರಲಿಲ್ಲ. ಅವಳು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡಳು. ನಾನೂ ಉಸಿರು ಬಿಟ್ಟೆ. ಅತ್ತೆ ಮಾತ್ರ ಮುಚ್ಚಳದಿಂದ ಕೈ ತೆಗೆಯಲಿಲ್ಲ.

“ನಿಮ್ಮ ಗಡಿಯಾರ ಓಡಿದಾಗೆಲ್ಲ ಇವಳ ಸ್ಕ್ಯಾನು ನಿಲ್ತಿತ್ತು, ಅಳಿಯಂದಿರೇ,” ಎಂದರು. “ಅದಕ್ಕೆ ಮೊನ್ನೆ ಸೋಮವಾರ ರಾತ್ರಿ ರೂಟರಲ್ಲಿ ನಿಮಗೆ ಎಂಟರ ಮೇಲೆ ಬರದ ಹಾಗೆ ಕಟ್ಟು ಹಾಕಿದೆ. ಆಫೀಸು ಕೆಲಸಕ್ಕೆ ಅಡ್ಡಿಯಾಗ್ಬಾರ್ದು ಅಂತ ವಿಪಿಎನ್ ದಾರಿ ಮಾತ್ರ ಪೂರ್ತಿ ಬಿಟ್ಟಿದ್ದೆ. ನೀವು ಅದರಲ್ಲೂ ಗಡಿಯಾರ ತರಿಸ್ತೀರಿ ಅಂತ ನನಗೆ ಹೊಳೀಲಿಲ್ಲ.”

ಆ ಕ್ಷಣದಲ್ಲಿ ನನ್ನ ಮುಖ ಇಳಿದ ವೇಗವನ್ನು ಅಳೆಯುವ ಮೀಟರು ಇನ್ನೂ ಬಂದಿಲ್ಲ. ಆದರೂ ಕುತೂಹಲ ತಡೆಯದೆ, ಇದನ್ನೆಲ್ಲ ಎಲ್ಲಿ ಕಲಿತಿರೆಂದು ಕೇಳಿದೆ.

“ರೂಟರ್ ಡಬ್ಬದಲ್ಲಿ ಪುಸ್ತಕ ಇತ್ತಲ್ಲ. ಓದಿದೆ.”

ಹೆಂಡತಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಪಟ್ಟಿಗಳನ್ನು ಒಂದೊಂದಾಗಿ ಓದಿ ನಗತೊಡಗಿದಳು. ಬಚ್ಚಲ ಬಕೆಟ್ಟಿನ ಸಾಲಿಗೆ ಬಂದಾಗ ಅವಳಿಗೆ ನೀರು ತಂದುಕೊಡಬೇಕಾಯಿತು.

ಮಧ್ಯಾಹ್ನ ನೆಟ್‌ವರ್ಕಿನವನ ಫೋನ್ ಬಂತು. ದನಿಯಲ್ಲಿ ಕೃತಜ್ಞತೆ ತುಂಬಿ ತುಳುಕುತ್ತಿತ್ತು. “ಆಫೀಸ್ ವಿಪಿಎನ್‌ನಲ್ಲಿ ಯಾರೋ ವಿಡಿಯೋ ಇಳಿಸ್ತಿದ್ದಾರೆ ಅಂತ ಮಂಗಳವಾರದಿಂದ ಹುಡುಕ್ತಿದ್ದೆ, ಸರ್. ನೀವೇ ಗಂಟೆ ಸಮೇತ ಪಟ್ಟಿ ಕಳಿಸಿದ್ದೀರಿ.”

ತಪ್ಪೊಪ್ಪಿಕೊಂಡು, ಮಾತು ಬೇರೆ ಕಡೆ ತಿರುಗಲೆಂದು ಅತ್ತೆಯ ಕಟ್ಟಿನ ಕಥೆಯನ್ನೂ ಹೇಳಿದೆ. ಆತ, “ಅವರು ಮಾತಿಗೆ ಸಿಗ್ತಾರಾ ಸರ್?” ಎಂದು ಮೆಲ್ಲನೆ ಕೇಳಿದ.

ಫೋನ್ ಕೊಟ್ಟೆ. ಅತ್ತೆ ಪದಬಂಧ ಮಡಿಸಿಟ್ಟು ನಲವತ್ತು ನಿಮಿಷ ಮಾತಾಡಿದರು. ನಮ್ಮ ಮನೆಯಲ್ಲಿ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಸೋಮವಾರ ಆಫೀಸಿನ ಎಲ್ಲರಿಗೂ ಸುತ್ತೋಲೆ ಬಂತು. ಇನ್ನು ಮುಂದೆ ವಿಪಿಎನ್‌ನಲ್ಲಿ ಯಾರಿಗೂ ವಿಡಿಯೋ ಬರುವುದಿಲ್ಲ. ಹೆಸರು ಹಾಕಬೇಡವೆಂದು ನಾನು ಬೇಡಿಕೊಂಡಿದ್ದೆ. ಆತ ಮಾತು ಉಳಿಸಿಕೊಂಡ. ಕೊನೆಯಲ್ಲಿ ಇಷ್ಟೇ ಇತ್ತು: ‘ಈ ಉಪಾಯ ಸೂಚಿಸಿದ, ನಮ್ಮ ಕೈಪಿಡಿ ವಿಭಾಗದ ಸಹೋದ್ಯೋಗಿಯೊಬ್ಬರ ಅತ್ತೆಯವರಿಗೆ ಹೃತ್ಪೂರ್ವಕ ಧನ್ಯವಾದಗಳು.’

ಕೈಪಿಡಿ ವಿಭಾಗದಲ್ಲಿರುವವರು ಇಬ್ಬರು. ಇನ್ನೊಬ್ಬನಿಗೆ ಮದುವೆಯಾಗಿಲ್ಲ.