‘ಬಹುದು’ ಜೊತೆ ನಮ್ಮ ಮಾವನ ಜಗಳ

ನಮ್ಮ ಸೋದರಮಾವ ಶಾಸಕರಾಗಿದ್ದಾಗ ಕ್ಷೇತ್ರಕ್ಕೆ ಏನೂ ಮಾಡಲಿಲ್ಲ ಎಂದು ಚಾದಂಗಡಿಗಳಲ್ಲಿ ಈಗಲೂ ಹೇಳುವವರಿದ್ದಾರೆ. ಶುದ್ಧ ಸುಳ್ಳು! ಇಡೀ ಕ್ಷೇತ್ರದ ಕಾಗುಣಿತ ತಿದ್ದಿದ್ದು ಮತ್ಯಾರು? ಬೇರೆ ಶಾಸಕರು ಮಾಡಿಸಿದ ರಸ್ತೆಗಳು ಮುಂದಿನ ಮಳೆಗೇ ಕಿತ್ತುಹೋದವು. ಮಾವ ಹಾಕಿಸಿದ ಒತ್ತಕ್ಷರಗಳು ಇವತ್ತಿನವರೆಗೆ ಒಂದೂ ಕಿತ್ತಿಲ್ಲ. ಬೇಕಾದರೆ ಬಂದು ನೋಡಿ.

ಯಾವ ಕ್ಷೇತ್ರ ಅಂತೀರಾ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಸೀಮೆಯೊಳಗೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. ಹೆಚ್ಚು ಹೇಳಿದರೆ ನೀವು ಹೆಸರು ಹುಡುಕುತ್ತೀರಿ. ಹೆಸರು ಸಿಕ್ಕರೆ ಮಾವನ ಕೈಗೆ ಈ ಪ್ರಬಂಧ ಸಿಗುತ್ತದೆ. ಆಮೇಲೆ ಇದರ ಮೇಲೆ ಕೆಂಪು ಶಾಯಿ ಬೀಳುತ್ತದೆ. ಅದೊಂದು ಬೇಡ ಮಾರಾಯ್ರೆ!

ಮಾವ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನಿವೃತ್ತರಾಗಿ ಕಟ್ಟೆಯ ಮೇಲೆ ಕೂತು ಅಂಗಡಿ ಬೋರ್ಡುಗಳ ತಪ್ಪು ಹುಡುಕುತ್ತಿದ್ದವರು. ತೊಂಬತ್ತರ ದಶಕದ ಒಂದು ಚುನಾವಣೆಯಲ್ಲಿ ಪಕ್ಷದ ಎರಡು ಗುಂಪು ಟಿಕೆಟ್ಟಿಗಾಗಿ ಅಂಗಿ ಹರಿದುಕೊಂಡವು. ಕೊನೆಗೆ ‘ಈ ಮೇಷ್ಟ್ರಿಂದ ಯಾರಿಗೂ ಅಪಾಯ ಇಲ್ಲ’ ಎಂದು ಎರಡೂ ಗುಂಪಿನವರು ಒಪ್ಪಿಕೊಂಡರು. ಎಂಥ ದಡ್ಡರು! ಮತದಾರರಲ್ಲಿ ಅರ್ಧ ಜನ ಮಾವನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಮತಗಟ್ಟೆಯಲ್ಲಿ ಅವರ ಹೆಸರು ಕಂಡದ್ದೇ ತಡ, ಕೈ ತಾನಾಗಿ ಒಂದು ಸಲ ಕಿವಿ ಮುಟ್ಟಿಕೊಂಡು, ಆಮೇಲೆ ಮುದ್ರೆ ಒತ್ತಿತಂತೆ. ಮಾವ ಗೆದ್ದರು.

ಗೆದ್ದ ಮೇಲೂ ಅವರು ಕಾರು ಕೊಳ್ಳಲಿಲ್ಲ. ನನ್ನ ಹಳೇ ಸ್ಕೂಟರೇ ಶಾಸಕರ ವಾಹನ, ನಾನೇ ಚಾಲಕ, ನಾನೇ ಆಪ್ತ ಕಾರ್ಯದರ್ಶಿ. ಸ್ಕೂಟರಿನ ಹಿಂದೆ ಕೂತ ಶಾಸಕರನ್ನು ಪೊಲೀಸರು ಗುರುತಿಸದೆ ಎರಡು ಸಲ ಕೆಳಗಿಳಿಸಿದ್ದಾರೆ. ಆಗ ಮಾವ ಅವರಿಗೆ ಬೈಯಲಿಲ್ಲ. ಠಾಣೆಯ ಬೋರ್ಡಿನಲ್ಲಿ ‘ಆರಕ್ಷಕ’ದ ಕ್ಷ ಸರಿಯಾಗಿ ಬರೆಸಿ ಎಂದು ಹೇಳಿ ಬಂದರು.

ಇನ್ನು ಅವರ ಜನಸಂಪರ್ಕ ಸಭೆ. ಮನೆಯ ಮುಂದಿನ ಕಟ್ಟೆಯ ಮೇಲೆ ಚಾಪೆ. ಬಂದವರಿಗೆಲ್ಲ ಅತ್ತೆ ಕೊಡುವ ಮಂಡಕ್ಕಿ, ಮಿರ್ಚಿ. ಮಾವನ ಕೈಯಲ್ಲಿ ಕೆಂಪು ಪೆನ್ನು. ಅರ್ಜಿ ಕೊಟ್ಟರೆ ಮೊದಲು ತಿದ್ದುವರು, ಆಮೇಲೆ ಹತ್ತಕ್ಕೆ ಅಂಕ ಹಾಕುವರು, ಸಮಸ್ಯೆಯ ವಿಚಾರ ಕೊನೆಗೆ. ಒಮ್ಮೆ ಒಂದು ಊರಿನ ಹಿರಿಯರೆಲ್ಲ ಸೇರಿ ಅರ್ಜಿ ತಂದರು. ‘ನಮ್ಮೂರ ಬೋರ್‌ವೆಲ್ ಪೂರ್ತಿ ಹಾಲಾಗಿದೆ’ ಎಂದು ಬರೆದಿದ್ದರು.

“ಹಾಲಾಗೈತಿ ಅಂದ್ರ ಭಾಗ್ಯ ಅಲ್ಲೇನ್ರಿ? ಮಂದಿ ನೀರಿಗೆ ಬಡಕೊಂತಾರ, ನಿಮಗ ಹಾಲು ಬರಾಕ್ಹತ್ತೈತಿ. ಹೆಪ್ಪು ಹಾಕ್ರಿ, ಮೊಸರು ಮಾಡ್ಕೊಂಡು ಉಣ್ರಿ!” ಎಂದರು ಮಾವ.

“ಹಂಗಲ್ರಿ ಸರ, ಕೆಟ್ಟೈತಿ.”

“ಹಂಗಾದ್ರ ಳಕಾರ ಹಾಕು. ಹಾಳು! ನಾಲಿಗಿ ಮಡಚು, ಹಾಳು!”

ಊರ ಹಿರಿಯರೆಲ್ಲ ಕಟ್ಟೆಯ ಮೇಲೆ ನಾಲಿಗೆ ಮಡಚಿ ಹಾಳು, ಹಾಳು ಎನ್ನುವುದನ್ನು ಕೇಳಿ ಬೀದಿಯಲ್ಲಿ ಹೋಗುವವರು ಯಾರ ಮನೆ ಹಾಳಾಯಿತೋ ಎಂದು ಓಡಿಬಂದರು. ಆ ಬೋರ್‌ವೆಲ್ ವಾರದೊಳಗೆ ರಿಪೇರಿ ಆಯಿತು, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಅತ್ತೆ ಒಳಗಿನಿಂದ ಕೂಗುತ್ತಿದ್ದರು: “ಮಂದಿ ನಿಮಗ ಓಟು ಹಾಕ್ಯಾರ್ರಿ, ಪರೀಕ್ಷಾಕ್ಕ ಕುಂತಿಲ್ಲ!”

ಹತ್ತಕ್ಕೆ ಹತ್ತು ತೆಗೆದುಕೊಂಡವರು ಒಬ್ಬರೇ, ನನ್ನ ಸ್ಕೂಟರ್ ರಿಪೇರಿ ಮಾಡುವ ಖಾಜಾಸಾಬರು. ಅವರ ಅರ್ಜಿಯಲ್ಲಿ ಇದ್ದದ್ದು ಇಷ್ಟೇ: ‘ನಮ್ಮ ಓಣಿ ರಸ್ತ್ಯಾಗ ತೆಗ್ಗಿನ ನಡುವ ರಸ್ತಿ ಹುಡುಕಬೇಕಾಗೈತಿ.’ ಮಾವ ಅದನ್ನು ಎಲ್ಲರಿಗೂ ಎರಡೆರಡು ಸಲ ಓದಿ ಹೇಳಿದರು. “ಇದು ಕನ್ನಡ! ಓದಿದ ಕೂಡ್ಲೆ ನನ್ನ ಸೊಂಟ ನೋಯಾಕ್ಹತ್ತಿತು.” ಖಾಜಾಸಾಬರು ಆ ಅರ್ಜಿಗೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದರು. ಅರ್ಜಿ ಸರ್ಕಾರಕ್ಕೆ ಹೋಗಲೇ ಇಲ್ಲ. ಮಾವನೇ ಬಾಯಿಪಾಠ ಮಾಡಿಕೊಂಡು ಹೋಗಿ ಇಂಜಿನಿಯರ ಮುಂದೆ ಒಪ್ಪಿಸಿ ರಸ್ತೆ ಮಾಡಿಸಿದರು.

ಪಕ್ಷದವರಿಗೆ ಇದು ತಲೆನೋವು. ಅವರ ಲೆಕ್ಕದಲ್ಲಿ ಶಾಸಕನಾದವನಿಗೆ ಬರಬೇಕಾದ ಕನ್ನಡ ಎರಡೇ ಮಾತು: “ಮಾಡೋಣ ಬಿಡ್ರಿ.” ಕೇಳಲು ಬಂದವನು ಇದನ್ನು ಕೇಳಿ ಖುಷಿಯಾಗಿ ಮನೆಗೆ ಹೋಗುತ್ತಾನೆ, ಮತ್ತೆ ಬರುತ್ತಾನೆ, ಮತ್ತೆ ಇದನ್ನೇ ಕೇಳಿ ಹೋಗುತ್ತಾನೆ. ಒಂದು ಸಮಾರಂಭದಲ್ಲಿ ದೊಡ್ಡ ಮುಖಂಡರೊಬ್ಬರು ವೇದಿಕೆಯ ಮೇಲಿಂದ “ನಿಮ್ಮ ಕೆರಿ ಹೂಳು ತೆಗಿಸೋಣ ಬಿಡ್ರಿ” ಎಂದರು. ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಮಾವ ಮೈಕಿಗೆ ಬಗ್ಗಿದರು.

“ಸರ, ತೆಗಿಸೋಣ ಅಂದ್ಮ್ಯಾಲೆ ಬಿಡ್ರಿ ಯಾಕ? ಒಂದೇ ವಾಕ್ಯದಾಗ ಎರಡು ಕ್ರಿಯಾಪದ ಒಂದಕ್ಕೊಂದು ಹೊಡೆದಾಡಾಕ್ಹತ್ಯಾವ. ತೆಗಿಸೋದೋ, ಬಿಡೋದೋ? ಯಾವುದಾರ ಒಂದು ಇಟ್ಟುಕೊಳ್ರಿ.”

ಆ ಮುಖಂಡರು ಆಮೇಲೆ ಮಾವನ ಜೊತೆ ವೇದಿಕೆ ಹತ್ತಲಿಲ್ಲ. ಮಾವನಿಗೆ ಅದರ ಚಿಂತೆಯೂ ಇರಲಿಲ್ಲ. ಮಾವನ ಬಾಯಲ್ಲಿ ಇದ್ದದ್ದು ‘ಆಗ್ತೈತಿ’, ‘ಆಗಂಗಿಲ್ಲ’ ಎರಡೇ. ಆಗದ್ದನ್ನು ಆಗುವುದಿಲ್ಲ ಎಂದು ಮುಖಕ್ಕೇ ಹೇಳುವ ಶಾಸಕನನ್ನು ಜನ ಸಹಿಸುತ್ತಾರೆಯೇ? ಬೈದುಕೊಂಡು ಹೋಗುತ್ತಿದ್ದರು. ಬೈಯಲಿ ಎನ್ನುತ್ತೇನೆ ನಾನು!

ಮಾವನಿಗೆ ಇನ್ನೊಂದು ಹುಚ್ಚಿತ್ತು. “ಶಾಸಕ ಅಂದ್ರ ಶಾಸನ ಮಾಡಾವ. ನಲ್ಲಿ ರಿಪೇರಿಗೆ ಪಂಚಾಯ್ತಿ ಐತಿ. ಕಾನೂನು ನಾವು ಮಾಡದಿದ್ರ ಯಾರು ಮಾಡ್ತಾರ?” ಎನ್ನುತ್ತಿದ್ದರು. ವಿಧಾನಸಭೆಗೆ ಬರುವ ಮಸೂದೆಗಳನ್ನು ತಂದು ಕಟ್ಟೆಯ ಮೇಲೆ ಜನರಿಗೆ ಓದಿ ಹೇಳುವರು. ಮತ ಕೊಟ್ಟವರನ್ನು ಕೇಳದೆ ಮಸೂದೆಗೆ ಮತ ಹಾಕುವುದು ಹೇಗೆ ಎಂಬುದು ಅವರ ವಾದ. ಹಂಪಸಾಗರದಿಂದ ಬಂದಿದ್ದ ಒಬ್ಬ ಅಜ್ಜ ‘ತತ್ಕಾಲದಲ್ಲಿ ಜಾರಿಯಲ್ಲಿರುವ ಯಾವುದೇ ಇತರ ಕಾನೂನಿನಲ್ಲಿ ಏನೇ ಒಳಗೊಂಡಿದ್ದಾಗ್ಯೂ’ ಎಂಬುದನ್ನು ಭಕ್ತಿಯಿಂದ ಪೂರ್ತಿ ಕೇಳಿ, ಕೈಮುಗಿದು ಕೇಳಿದ: “ಸರ, ಇದು ನಮಗ ಹೊಗಳಿದ್ದೋ, ಬೈದದ್ದೋ?”

ಇಂಥ ಒಂದು ಸಭೆಗೇ ದುರುಗವ್ವ ಬಂದಳು, ಹೊಸಹಳ್ಳಿ ಕಡೆಯ ಒಂದು ಹಳ್ಳಿಯಿಂದ. ಕೈಯಲ್ಲಿ ಅರ್ಜಿ ಇರಲಿಲ್ಲ, ಮಗಳು ಮಂಜುಳಾ ಇದ್ದಳು. ತಿದ್ದಲು ಏನೂ ಸಿಗದೆ ಮಾವ ಪೆನ್ನು ಕಿವಿಗೆ ಸಿಕ್ಕಿಸಿಕೊಂಡರು.

“ಏನವ್ವ, ಏನಾಗಬೇಕು?”

“ಸಾಲಿಗೆ ಹಚ್ಚಾಕ ಹೋಗಿದ್ದೆರಿ. ಅಪ್ಪನ ಹೆಸರು ಹೇಳು ಅಂತಾರ.”

ಅವಳು ಹೇಳಿದ್ದು ಅಷ್ಟೇ. ನಮ್ಮ ಸೀಮೆಯಲ್ಲಿ ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ದುರುಗವ್ವನನ್ನು ಚಿಕ್ಕ ವಯಸ್ಸಿನಲ್ಲೇ ದೇವರಿಗೆ ಬಿಟ್ಟಿದ್ದರು. ಬಿಟ್ಟವರು ದೇವರ ಹೆಸರು ಹೇಳಿದರು, ಬಂದುಹೋದವನು ತನ್ನ ಹೆಸರನ್ನು ಹೇಳದೆ ಹೋದ. ಈಗ ಆ ಹೆಸರು ತಾ ಎಂದು ಶಾಲೆ ಅವಳನ್ನು ಕೇಳುತ್ತಿತ್ತು! ಸಿಟ್ಟು ಬರುವುದಿಲ್ಲವೇ? ನನಗಂತೂ ಬಂತು.

“ನಿನ್ನ ಹೆಸರು ಹೇಳಬೇಕಿಲ್ಲೋ?” ಎಂದರು ಮಾವ.

“ಹೇಳಿದ್ನಿರಿ. ಅವ್ವನ ಹೆಸರು ನಡಿಯಂಗಿಲ್ಲಂತ.”

ಹುಡುಗಿ ಆಗ ಮಾವನ ಕಿವಿಯ ಮೇಲಿದ್ದ ಕೆಂಪು ಪೆನ್ನನ್ನೇ ನೋಡುತ್ತಿದ್ದಳು. ಮಾವ ಅದನ್ನು ತೆಗೆದು ಅವಳ ಕೈಗೆ ಕೊಟ್ಟುಬಿಟ್ಟರು. ಆ ಪೆನ್ನನ್ನು ಅತ್ತೆಗೂ ಮುಟ್ಟಲು ಕೊಡದ ಮನುಷ್ಯ!

ಅದೇ ಸಮಯಕ್ಕೆ ಶಾಲೆಗಳ ಬಗ್ಗೆ ಒಂದು ಮಸೂದೆ ಬರುವುದಿತ್ತು. ಮಾವ ಅದರ ಕರಡನ್ನು ತರಿಸಿ ಓದಿದರು, ಓದಿ ಕುಣಿದಾಡಿದರು. ‘ತಂದೆಯ ಹೆಸರಿನ ಬದಲಿಗೆ ತಾಯಿಯ ಹೆಸರನ್ನು ದಾಖಲಿಸಬಹುದು’ ಎಂದಿತ್ತು. ಅಷ್ಟರಲ್ಲೇ ಅವರ ಮುಖ ಸಣ್ಣಗಾಯಿತು.

“ಲೇ, ಇದು ‘ಬಹುದು’ ಐತಲ್ಲೋ!”

“ಇರಲಿ ಬಿಡ್ರಿ ಮಾವ, ತಾಯಿ ಹೆಸರು ಬಂತಲ್ಲ” ಎಂದೆ.

“ಇರಲಿ ಬಿಡ್ರಿ! ನೀನೂ ಮುಖಂಡ ಆಗು ಹೋಗು! ತೆರಿಗಿ ಕಟ್ಟೋದಕ್ಕ ‘ಕಟ್ಟತಕ್ಕದ್ದು’, ದಂಡ ತೆರೋದಕ್ಕ ‘ತೆರತಕ್ಕದ್ದು’. ಬಡವರಿಗೆ ಕೊಡುವಾಗ ಮಾತ್ರ ‘ಬಹುದು’! ಬಹುದು ಅಂದ್ರ ಕೊಟ್ರೂ ಆತು, ಬಿಟ್ರೂ ಆತು. ಇದು ಸಂಭಾವನಾರ್ಥಕ್ಕ ಹತ್ತಿರದ ನೆಂಟ ಲೇ. ಸಂಭಾವನಿ ಕೊಟ್ರಷ್ಟೆ ಇದಕ್ಕ ಅರ್ಥ ಬರೋದು!”

ಅವತ್ತಿನಿಂದ ಮಾವನಿಗೆ ‘ಬಹುದು’ ಶತ್ರು. ಮನೆಯಲ್ಲಿ ಆ ಶಬ್ದ ನಿಷಿದ್ಧ. ಅತ್ತೆ “ಊಟಕ್ಕ ಬರಬಹುದು” ಎಂದರೆ ಮಾವ ಏಳುತ್ತಿರಲಿಲ್ಲ. “ಬರತಕ್ಕದ್ದು!” ಎಂದು ಅತ್ತೆ ಸೌಟು ತೋರಿಸಿದ ಮೇಲೆ ವಿಧೇಯರಾಗಿ ತಟ್ಟೆಯ ಮುಂದೆ ಕೂರುತ್ತಿದ್ದರು.

ತಪ್ಪು ತಿದ್ದುವುದಕ್ಕೆ ವಿಧಾನಸಭೆಯಲ್ಲಿ ‘ತಿದ್ದುಪಡಿ’ ಎನ್ನುತ್ತಾರೆ. ಜೀವಮಾನವಿಡೀ ಮಾಡಿದ ಕೆಲಸಕ್ಕೆ ಸರ್ಕಾರವೇ ಹೆಸರಿಟ್ಟಿದೆ ಎಂದು ಮಾವ ಹಿಗ್ಗಿದರು. ‘ಬಹುದು’ ತೆಗೆದು ‘ತಕ್ಕದ್ದು’ ಹಾಕಬೇಕೆಂದು ತಿದ್ದುಪಡಿ ಕೊಟ್ಟರು. ಮಸೂದೆ ತಂದದ್ದು ಅವರದೇ ಪಕ್ಷದ ಸರ್ಕಾರ. ಹಿಂದಿನ ದಿನ ಪಕ್ಷದ ಹಿರಿಯರು ಕೂರಿಸಿ ಹೇಳಿದರು: “ಮೇಷ್ಟ್ರೇ, ಒಂದು ಶಬ್ದಕ್ಕಾಗಿ ಮುಂದಿನ ಟಿಕೆಟ್ ಕಳೆದುಕೊಳ್ತೀರಾ? ವಾಪಸ್ ತಗೊಳ್ಳಿ.”

“ಆಗಂಗಿಲ್ಲ” ಎಂದರು ಮಾವ.

ನಾನು ಮೇಲೆ ಪ್ರೇಕ್ಷಕರ ಸಾಲಿನಲ್ಲಿದ್ದೆ. ವಿರೋಧ ಪಕ್ಷದವರು ಬೇರಾವುದೋ ವಿಷಯಕ್ಕೆ ಸಭೆ ಬಿಟ್ಟು ಹೋಗಿದ್ದರು. ಮಾವ ಎದ್ದು ನಿಂತರು. ಒಂದು ಊರಿನಲ್ಲಿ ಒಬ್ಬ ತಾಯಿ ಇದ್ದಾಳೆ, ಅವಳಿಗೆ ಹೆಸರಿದೆ, ಆ ಹೆಸರು ಸಾಕು ಎಂದು ಈ ಸದನ ಹೇಳತಕ್ಕದ್ದು ಎಂದರು. ಯಾರೋ ನಕ್ಕರು. ಮಾವ ಅವರತ್ತ ತಿರುಗಿ “ನಗಬೇಡ, ನಿಲ್ಲು” ಎಂದುಬಿಟ್ಟರು. ಆ ಸದಸ್ಯರು ಶಾಲೆಯ ಹಳೇ ಅಭ್ಯಾಸದಲ್ಲಿ ನಿಂತೇಬಿಟ್ಟರು!

ಸಭಾಧ್ಯಕ್ಷರು ತಿದ್ದುಪಡಿಯನ್ನು ಮತಕ್ಕೆ ಹಾಕಿದರು. “ಪರವಾಗಿರುವವರು ಹೌದು ಎನ್ನಿ.”

“ಹೌದು!” ಒಂದೇ ದನಿ. ಕೊನೆಯ ಬೆಂಚಿಗೂ ಕೇಳಿಸುವ ಮೇಷ್ಟ್ರ ದನಿ.

“ವಿರುದ್ಧ ಇರುವವರು ಇಲ್ಲ ಎನ್ನಿ.”

“ಇಲ್ಲ!” ಇಡೀ ಸಭೆ ಗುಡುಗಿತು. “ತಿದ್ದುಪಡಿ ತಿರಸ್ಕೃತವಾಯಿತು.” ಕೊನೆಗೆ ಮಸೂದೆ ‘ಬಹುದು’ ಸಮೇತ ಪಾಸಾಯಿತು, ಮುಂದಿನ ಸಲ ಮಾವನಿಗೆ ಟಿಕೆಟ್ ಇಲ್ಲವೆಂಬುದೂ ಅಲ್ಲೇ ಪಾಸಾಯಿತು.

ಬಸ್ಸಿನಲ್ಲಿ ಊರಿಗೆ ಬರುವಾಗ ನಾನು ಸಮಾಧಾನ ಹೇಳಲು ಬಾಯಿ ತೆರೆದೆ. “ಯಾರು ಸೋತಾರ? ಸಾಲಿ ಸುರುವಾಗ್ಲಿ, ತೋರಸ್ತೀನಿ” ಎಂದರು.

ಕಾನೂನು ಜಾರಿಗೆ ಬಂತು, ಶಾಲೆಯೂ ಶುರುವಾಯಿತು. ಸ್ಕೂಟರಿನಲ್ಲಿ ಹೋದೆವು. ದುರುಗವ್ವ, ಮಂಜುಳಾ ಬಾಗಿಲಲ್ಲಿ ನಿಂತಿದ್ದರು. ಹೆಡ್‌ಮಾಸ್ತರು ಮಾವನ ಶಿಷ್ಯರೇ. ಗುರುಗಳನ್ನು ಕಂಡು ಕುರ್ಚಿ ಬಿಟ್ಟೆದ್ದರು, ಆದರೆ ಹಟ ಬಿಡಲಿಲ್ಲ.

“ಸರ, ಕಾನೂನಿನಾಗ ‘ದಾಖಲಿಸಬಹುದು’ ಅಂತೈತ್ರಿ. ಅಂದ್ರ ದಾಖಲಿಸಬಹುದು, ದಾಖಲಿಸದೇ ಇರಬಹುದು.”

“ಎರಡನೇದು ಎಲ್ಲಿ ಬರದೈತಿ? ತೋರ್ಸು.”

ಹೆಡ್‌ಮಾಸ್ತರು ಕಾಗದ ತಿರುವಿದರು, ಮತ್ತೆ ತಿರುವಿದರು. “ಬರದಿಲ್ರಿ.”

“ಬರೀದೇ ಇದ್ದದ್ದನ್ನ ಓದಾಕ ನಾನು ಯಾವಾಗ ಕಲಿಸಿದ್ನಿ ನಿನಗ? ನಿನಗ ಬರಿಯಾಕ ಅಧಿಕಾರ ಐತಿ ಅಂತ ಸರ್ಕಾರ ಹೇಳೈತಿ. ಅಧಿಕಾರ ಇದ್ದೂ ಬರಿಯಂಗಿಲ್ಲಂದ್ರ, ಯಾಕ ಬರಿಯಂಗಿಲ್ಲ ಅಂತ ಈ ತಾಯಿ ಮುಖ ನೋಡಿ ಹೇಳು. ನಾನು ಇಲ್ಲೇ ಕುಂತಿರ್ತೀನಿ.”

ಹೆಡ್‌ಮಾಸ್ತರು ದುರುಗವ್ವನ ಮುಖ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ಅವರೇ ತಗ್ಗಿಸಿದರು, ಒಂದು ಕೈ ಕಿವಿಗೆ ಹೋಗಿ ಬಂತು, ಇನ್ನೊಂದು ಕೈ ಬರೆಯಿತು. ಮಂಜುಳಾಳ ಹೆಸರಿನ ಮೊದಲು ದುರುಗವ್ವನ ‘ದು’ ಬಂದು ಕೂತಿತು. ಮಾವ ಇಣುಕಿ ನೋಡಿ, “ಕೊಂಬು ಸರಿಯಾಗೈತಿ” ಎಂದರು.

ಆಮೇಲೆ ಟಿಕೆಟ್ ಹೋಯಿತು, ಕಟ್ಟೆಯ ಮೇಲಿನ ಜನವೂ ಹೋದರು. ಮಾವ ಮಾತ್ರ ಸ್ಕೂಟರ್ ಹತ್ತುವುದನ್ನು ಬಿಡಲಿಲ್ಲ. ಇದೇ ‘ಬಹುದು’ ಹಿಡಿದು ಊರೂರಿನ ಶಾಲೆಗೆ ಹೋಗಿ ಕೂರುವರು. ಎಲ್ಲಿಗೆ ಹೊರಟರೂ ದಾರಿ ಸುತ್ತಾದರೂ ಸರಿ, ಬೆಳಿಗ್ಗೆ ಮಂಜುಳಾಳ ಶಾಲೆಯ ಮುಂದೆ ಗಾಡಿ ನಿಲ್ಲಿಸಬೇಕು. ಒಳಗೆ ಹೋಗುತ್ತಿರಲಿಲ್ಲ, ಕಾಂಪೌಂಡಿನ ಹೊರಗೆ ಸುಮ್ಮನೆ ನಿಲ್ಲುವರು. ಹೆಡ್‌ಮಾಸ್ತರರ ಕನ್ನಡ ಪರೀಕ್ಷಿಸುತ್ತಿದ್ದಾರೆಂದು ನಾನು ಒಳಗೊಳಗೇ ನಗುತ್ತಿದ್ದೆ.

ಒಂದು ದಿನ ಬೆರಳೆತ್ತಿ, “ಗಾಡಿ ಬಂದ್ ಮಾಡಲೇ, ಕೇಳಸ್ವಲ್ದು” ಎಂದರು. ಇಂಜಿನ್ ಆಫ್ ಮಾಡಿದೆ. ಕಿಟಕಿಯಿಂದ ಹಾಜರಿ ಕೂಗುವ ದನಿ ಬರುತ್ತಿತ್ತು. ಯಾರ್ಯಾರದೋ ಅಪ್ಪಂದಿರ ಅಕ್ಷರ ಹೊತ್ತ ಹೆಸರುಗಳು ಒಂದೊಂದಾಗಿ ಹೋದವು.

“ದು. ಮಂಜುಳಾ.”

“ಹಾಜರ್ರೀ ಸಾರ್!”

ಒಂದೇ ದನಿ. ಕೊನೆಯ ಬೆಂಚಷ್ಟೇ ಅಲ್ಲ, ರಸ್ತೆಗೂ ಕೇಳಿಸುವ ದನಿ. ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಆಮೇಲೆ ವಿಧಾನಸಭೆಯಲ್ಲಿ ಕೇಳಿದ್ದ ಅದೇ ಗಂಭೀರ ಧಾಟಿಯಲ್ಲಿ, ಶಾಲೆಗೆ ಮುಖ ಮಾಡಿ, “ತಿದ್ದುಪಡಿ ಅಂಗೀಕೃತವಾ...” ಎಂದರು. ಜೀವಮಾನದಲ್ಲಿ ಒಂದು ವಾಕ್ಯವನ್ನೂ ಅರ್ಧಕ್ಕೆ ಬಿಡದ ಮನುಷ್ಯ, ಅದನ್ನು ಅಲ್ಲೇ ಬಿಟ್ಟು ಸ್ಕೂಟರ್ ಹತ್ತಿದರು.

“ನಡಿಲೇ” ಎಂದರು, “ಮುಂದಿನ ಊರಾಗೂ ಒಬ್ಬ ಹೆಡ್‌ಮಾಸ್ತರ ಅದಾನ.”

ಹೊರಡೋಣವೆಂದರೆ ನನಗೆ ಕಿಕ್ ಎಲ್ಲಿದೆ ಎಂದೇ ಕಾಣಲಿಲ್ಲ.