ಡಿಸ್ಟ್ರಿಬ್ಯೂಟರಿಗೆ ವಿಭೂತಿ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವರಿಂದ ಊರಿಗೆ ಹೆಚ್ಚು ತೊಂದರೆಯಿಲ್ಲ. ಪೂರ್ತಿ ಗೊತ್ತಿರುವವರು ಬಾಯಿ ಬಿಡುವುದೇ ಕಡಿಮೆ. ತೊಂದರೆಯೆಲ್ಲ ಅರ್ಧ ಗೊತ್ತಿರುವವರದು. ನಾನು ಆ ಅರ್ಧದ ಪೈಕಿಯವನು. ಹೊನ್ನಾಳಿಯ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ, ಮನೆಯಲ್ಲಿ ಒಂದು ಹಳೆಯ ಅಂಬಾಸಿಡರ್ ಕಾರು ಸಾಕಿದ್ದೇನೆ. ಈ ಎರಡು ಸೇರಿದರೆ ಮನುಷ್ಯನಿಗೆ ಎಂಥ ಧೈರ್ಯ ಬರುತ್ತದೆ, ಆ ಧೈರ್ಯ ಆಮೇಲೆ ಎಂಥ ನಾಚಿಕೆಗೆ ತಂದು ನಿಲ್ಲಿಸುತ್ತದೆ ಎಂಬುದನ್ನು ಹೇಳಿಕೊಂಡರೆ ಸ್ವಲ್ಪ ಹಗುರಾದೀತೇನೋ ಎಂದು ಬರೆಯುತ್ತಿದ್ದೇನೆ.

ಕಾರು ಸಿಕ್ಕಿದ್ದು ಚನ್ನಗಿರಿಯಲ್ಲಿ. ಅಡಿಕೆ ಮಂಡಿಯವರೊಬ್ಬರ ಗೋದಾಮಿನ ಮೂಲೆಯಲ್ಲಿ, ಗೋಣಿಚೀಲಗಳ ಹಿಂದೆ, ಬಹಳ ವರ್ಷಗಳಿಂದ ನಿಂತಿತ್ತು. ಇವತ್ತಿಗೂ ಮಳೆಗಾಲದಲ್ಲಿ ಹಿಂದಿನ ಸೀಟಿನಿಂದ ಬೇಯಿಸಿದ ಅಡಿಕೆಯ ವಾಸನೆ ಬರುತ್ತದೆ. ಮನೆಗೆ ತಂದ ದಿನ ನನ್ನ ಹೆಂಡತಿ ಗಿರಿಜಾ ಅದನ್ನು ಒಂದು ಸುತ್ತು ಹಾಕಿ ನೋಡಿ, "ಇದಕ್ಕೆ ಜಾಗ ಮಾಡಾಕೆ ತುಳಸಿಕಟ್ಟೆ ಸರಿಸ್ಬೇಕೇನ್ರೀ?" ಎಂದಷ್ಟೇ ಕೇಳಿದಳು. ತುಳಸಿಕಟ್ಟೆ ಸರಿಸಿದೆವು. ಅಂದಿನಿಂದ ನನ್ನ ಭಾನುವಾರಗಳೆಲ್ಲ ಕಾರಿನ ಕೆಳಗೆ ಅಂಗಾತ ಮಲಗಿ ಕಳೆದವು. ಅಲ್ಲಿ ಮಲಗಿ ಏನು ಮಾಡುತ್ತಿದ್ದೆ ಎಂದು ಕೇಳಬೇಡಿ. ಕೆಲವೊಮ್ಮೆ ನಿದ್ದೆಯೂ ಬಂದಿದ್ದುಂಟು. ಆದರೆ ಸೋಮವಾರ ಸ್ಟಾಫ್ ರೂಮಿಗೆ ಹೋಗುವಾಗ ಉಗುರಿನ ಸಂದಿಯ ಗ್ರೀಸನ್ನು ಬೇಕೆಂದೇ ಪೂರ್ತಿ ತೊಳೆಯುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಕಾರ್ಬೊರೇಟರ್ ಬಿಚ್ಚಿದ್ದೆ" ಎಂದು ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದೆ.

ಕಾರ್ಬೊರೇಟರನ್ನು ನಾನು ಬಿಚ್ಚಿದ್ದು ನಿಜ. ಆದರೆ ಕೂಡಿಸಿದ್ದು ತಿಪ್ಪೇಸ್ವಾಮಿ. ಅವರು ಜಗಳೂರು ತಾಲ್ಲೂಕಿನ ಬಿಳಿಚೋಡಿನವರು. ಹೊನ್ನಾಳಿಗೆ ಬಂದು ಒಂದು ತಗಡಿನ ಶೆಡ್ಡಿನಲ್ಲಿ ಟ್ರ್ಯಾಕ್ಟರು, ಪಂಪ್‌ಸೆಟ್ಟು, ಜೀಪು ಎಲ್ಲ ರಿಪೇರಿ ಮಾಡಿಕೊಂಡಿದ್ದಾರೆ. ಶೆಡ್ಡಿಗೆ ಬೋರ್ಡಿಲ್ಲ. ಮಾತು ಇನ್ನೂ ಕಡಿಮೆ. ನಾನು ಬಿಚ್ಚಿದ ನಟ್ಟು ಬೋಲ್ಟುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ ಮುಂದಿಟ್ಟರೆ, ಅವರು ಡಬ್ಬಿಯೊಳಗೆ ಇಣುಕಿ, "ಎಲ್ಲಾ ಇದಾವಾ ಸಾರ್?" ಎನ್ನುತ್ತಾರೆ. ಅದರಲ್ಲಿ ವ್ಯಂಗ್ಯವಿದೆಯೋ ಇಲ್ಲವೋ ನನಗೆ ಇವತ್ತಿನವರೆಗೂ ಗೊತ್ತಾಗಿಲ್ಲ. ಹೋದ ವರ್ಷ ಆಯುಧಪೂಜೆಗೆ ನಾಲ್ಕು ದಿನ ಮುಂಚೆ ಅವರೇ ಮನೆಗೆ ಬಂದು, ಇಂಜಿನ್ನಿಗೆ ಹೊಸ ಪಾಯಿಂಟು ಹಾಕಿ, ಗಾಡಿಯನ್ನು ಒಂದೇ ಚಾವಿಗೆ ಸ್ಟಾರ್ಟ್ ಆಗುವಂತೆ ಮಾಡಿಕೊಟ್ಟು ಹೋಗಿದ್ದರು.

ಇಲ್ಲಿಗೆ ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ಕಾರು ತೊಳೆದೆ. ಚೆಂಡುಹೂವಿನ ಹಾರ ಹಾಕಿದೆ. ಗಿರಿಜಾ ಬಾನೆಟ್ಟಿನ ಮೇಲೆ ವಿಭೂತಿಯ ಮೂರು ಪಟ್ಟೆ ಎಳೆದು ಕುಂಕುಮವಿಟ್ಟು, "ಮುಗೀತಲ್ಲ, ಕಾಯಿ ಒಡೀರಿ" ಎಂದಳು. ನನಗೆ ಸಮಾಧಾನವಾಗಲಿಲ್ಲ. ಇದು ಎಲ್ಲರೂ ಮಾಡುವ ಪೂಜೆ. ಗಾಡಿಯ ಒಳಗನ್ನು ಬಲ್ಲವನು ಮಾಡುವ ಪೂಜೆ ಬೇರೆ. ಬಾನೆಟ್ ಎತ್ತಿದೆ. ರೇಡಿಯೇಟರಿಗೆ ವಿಭೂತಿ ಹಚ್ಚಿದೆ, ಬ್ಯಾಟರಿಗೆ ಹಚ್ಚಿದೆ, ಏರ್‌ಫಿಲ್ಟರಿಗೆ ಹಚ್ಚಿದೆ. ಕೊನೆಗೆ ಡಿಸ್ಟ್ರಿಬ್ಯೂಟರು. ನಾಲ್ಕು ಸಿಲಿಂಡರಿಗೂ ಕಿಡಿ ಹಂಚುವ ಕಪ್ಪು ಡಬ್ಬಿ ಅದು. ಅದರ ಮುಚ್ಚಳ ತೆಗೆದರೆ ಒಳಗೆ ಪಾಯಿಂಟು ಎನ್ನುವ ಎರಡು ಪುಟ್ಟ ಲೋಹದ ತುದಿಗಳಿವೆ. ಇಂಜಿನ್ ತಿರುಗಿದಂತೆ ಅವು ಕೂಡಿ ಬಿಡಬೇಕು, ಬಿಟ್ಟು ಕೂಡಬೇಕು. ಆಗಲೇ ಕಿಡಿ ಹುಟ್ಟುವುದು. ಗಾಡಿಯ ಪ್ರಾಣವೇ ಅಲ್ಲಿದೆ ಎಂದು ಗಿರಿಜಾಗೆ ವಿವರಿಸಿದೆ. ಅವಳು ಕರ್ಪೂರದ ತಟ್ಟೆಯನ್ನು ಪೆಟ್ರೋಲಿನಿಂದ ದೂರ ಹಿಡಿದುಕೊಂಡು ನಿಂತಿದ್ದಳು. ಬೆರಳು ಒಳಗೆ ಹೋಗಲಿಲ್ಲ. ಊದಿನಕಡ್ಡಿಯ ಹಿಂಬದಿಯನ್ನು ಕಲಸಿದ ವಿಭೂತಿಯಲ್ಲಿ ಅದ್ದಿ, ಆ ಎರಡು ತುದಿಗಳ ನಡುವೆಯೇ, ಉಸಿರು ಬಿಗಿಹಿಡಿದು, ಮೂರು ಪಟ್ಟೆ ಎಳೆದೆ. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ನೇರವಾಗಿ ಎಳೆದೆನಲ್ಲ ಎಂದು ನನ್ನ ಕೈಯ ಬಗ್ಗೆ ನನಗೇ ಅಭಿಮಾನವಾಯಿತು.

ಒಳ್ಳೆಯ ಹೊತ್ತು ನೋಡಿ ಮಧ್ಯಾಹ್ನ ಹೊರಡಿಸಬೇಕೆಂದಿತ್ತು. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟೆವು. ಓಣಿಯವರು ಸೇರಿದರು. ಚಾವಿ ತಿರುಗಿಸಿದೆ. ಇಂಜಿನ್ನು ಕರ್ರ್ ಕರ್ರ್ ಎಂದಿತೇ ಹೊರತು ಹತ್ತಿಕೊಳ್ಳಲಿಲ್ಲ. ಹತ್ತು ಸಲ ತಿರುಗಿಸಿದ ಮೇಲೆ ಬ್ಯಾಟರಿಯೂ ಸೋತಿತು. ಎದುರು ಮನೆಯ ನಾಲ್ವರು ಪಂಚೆ ಎತ್ತಿ ಕಟ್ಟಿಕೊಂಡು ಹಿಂದಿನಿಂದ ನೂಕಿದರು. ನಿಂಬೆಹಣ್ಣುಗಳು ಜಜ್ಜಿಹೋದವು. ಹೀಗೆ ಪೂಜೆಯೇನೋ ಶಾಸ್ತ್ರೋಕ್ತವಾಗಿ ಮುಗಿಯಿತು.

ಮರುದಿನದಿಂದ ನನ್ನ ಸಂಶೋಧನೆ ಶುರುವಾಯಿತು. ಬ್ಯಾಟರಿ ಚಾರ್ಜ್ ಮಾಡಿಸಿ ತಂದೆ. ಪೆಟ್ರೋಲ್ ಬರುತ್ತಿದೆಯೇ ನೋಡಿದೆ, ಬರುತ್ತಿತ್ತು. ಪ್ಲಗ್ಗುಗಳನ್ನು ಬಿಚ್ಚಿ ಒಲೆಯ ಮೇಲೆ ಕಾಯಿಸಿದೆ. ಗಿರಿಜಾ ದೋಸೆಯ ಹೆಂಚು ಹಿಡಿದುಕೊಂಡು ಕಾದು ನಿಂತಳು. ಕಿಡಿ ಬರುತ್ತಿಲ್ಲ ಎಂಬುದಂತೂ ಖಚಿತವಾಯಿತು. ಕಿಡಿ ಯಾಕೆ ಬರುತ್ತಿಲ್ಲ? ಪಾಯಿಂಟನ್ನು ನಾನೇ ಪೂಜೆಯ ದಿನ ಕಣ್ಣಾರೆ ಕಂಡಿದ್ದೇನೆ, ಫಳಫಳ ಹೊಳೆಯುತ್ತಿತ್ತು, ಅದರ ಮುಚ್ಚಳ ಮತ್ತೆ ತೆಗೆಯುವ ಅಗತ್ಯವೇ ಇಲ್ಲ. ಉಳಿದದ್ದು ಕಿಡಿಗೆ ಬೇಕಾದ ವೋಲ್ಟೇಜು ಏರಿಸುವ ಕಾಯಿಲ್. ದಾವಣಗೆರೆಗೆ ಹೋಗಿ ಹೊಸ ಕಾಯಿಲ್ ತಂದು ಹಾಕಿದೆ. ಆಗಲೂ ಕಿಡಿಯಿಲ್ಲ. ಇಲ್ಲಿ ಒಬ್ಬ ಸಾಧಾರಣ ಬುದ್ಧಿಯವನಾದರೆ ತಪ್ಪು ಕಾಯಿಲಿನದಲ್ಲ ಎಂದು ತಿಳಿಯುತ್ತಿದ್ದ. ನಾನು ಹೊಸದೂ ಡೂಪ್ಲಿಕೇಟ್ ಎಂದು ತಿಳಿದೆ. ಹಾಗಾದರೆ ಹಳೆಯದು? ಅಂಥ ಗಟ್ಟಿ ಕಾಲದ ಕಾಯಿಲ್ ಹೋಗುವುದು ಹೇಗೆ? ಯಾರೋ ಬದಲಾಯಿಸಿರಬೇಕು. ಅದರ ಮೇಲೆ ಕೊನೆಯದಾಗಿ ಕೈಯಿಟ್ಟವರು ಯಾರು?

ಈ ಪ್ರಶ್ನೆ ನನ್ನ ತಲೆಯೊಳಗೇ ಉಳಿದಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆ ರುದ್ರಣ್ಣನ ಹೋಟೆಲಿನಲ್ಲಿ ಟೀ ಕುಡಿಯುವಾಗ ಯಾರೋ, "ಏನ್ ಮೇಷ್ಟ್ರೇ, ಗಾಡಿ ಹೊರಗೇ ಬಂದಿಲ್ಲ?" ಎಂದರು. ನನಗೆ ಸಿಟ್ಟು, ಅವಮಾನ ಎರಡೂ ಇತ್ತು. "ಏನ್ ಬರ್ತದೆ? ತಿಪ್ಪೇಸ್ವಾಮಿ ನನ್ನ ಒರಿಜಿನಲ್ ಕಾಯಿಲ್ ಬಿಚ್ಕಂಡು ಯಾವ್ದೋ ಗುಜರಿ ಕಾಯಿಲ್ ಹಾಕ್ಯಾನೆ" ಎಂದುಬಿಟ್ಟೆ. ಒಂದೇ ಉಸಿರಿನ ಮಾತು. ಬೆಂಚಿನ ಮೇಲಿದ್ದವರು ಹ್ಞೂಂ ಎಂದು ತಲೆಯಾಡಿಸಿದರು. ನ್ಯಾಮತಿಯ ಅಡಿಕೆ ವ್ಯಾಪಾರಿ ಓಂಕಾರಪ್ಪನವರು ಯಾವುದೋ ಕೆಲಸಕ್ಕೆ ಬಂದವರು ಅಲ್ಲೇ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಅವರು ತಲೆಯಾಡಿಸಲಿಲ್ಲ, ತಿನ್ನುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಕಾಲೇಜಿನ ಮೇಷ್ಟ್ರ ಮಾತಿಗೆ ಎಂಥ ತೂಕ ಎಂದು ನಾನು ಒಳಗೊಳಗೇ ಉಬ್ಬಿದೆ.

ಹೋಟೆಲಿನ ಮಾತಾದ ಮೂರನೆಯ ದಿನ ಗಿರಿಜಾ ನನಗೆ ಹೇಳದೆ ತಿಪ್ಪೇಸ್ವಾಮಿಗೆ ಫೋನ್ ಮಾಡಿದಳು. ಅವರು ಅಂಗಿಯ ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಬಂದರು. ನೇರವಾಗಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ನಾನೂ ಪಕ್ಕದಲ್ಲಿ ಬಗ್ಗಿದೆ. ಒಳಗೆ, ಒಣಗಿ ಗಟ್ಟಿಯಾದ ಮೂರು ಬಿಳಿ ಪಟ್ಟೆಗಳು, ನಾನು ಎಳೆದಷ್ಟೇ ನೇರವಾಗಿ ಇದ್ದವು. ಬೂದಿ ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಇದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುತ್ತೇನೆ, ಪರೀಕ್ಷೆಯಲ್ಲಿ ಕೇಳುತ್ತೇನೆ, ತಪ್ಪು ಬರೆದವರನ್ನು ನಿಲ್ಲಿಸಿ ಬಯ್ಯುತ್ತೇನೆ.

"ಒಂದು ಕಾಗದದ ಚೂರು ಕೊಡ್ರಿ ಸಾರ್" ಎಂದರು ತಿಪ್ಪೇಸ್ವಾಮಿ. ಕೊಟ್ಟೆ. ಪಾಯಿಂಟಿನ ನಡುವೆ ಕಾಗದ ಆಡಿಸಿ ವಿಭೂತಿಯನ್ನೆಲ್ಲ ಒರೆಸಿ ತೆಗೆದರು. ಅದನ್ನು ನೆಲಕ್ಕೆ ಝಾಡಿಸಲಿಲ್ಲ. ಬೆರಳಿಗೆ ತೆಗೆದುಕೊಂಡು ತಮ್ಮ ಹಣೆಗೇ ಹಚ್ಚಿಕೊಂಡರು. ಆಮೇಲೆ, "ಈ ಹೊಸ ಕಾಯಿಲ್ ಯಾಕೆ ಹಾಕೀರಿ? ಹಳೇದು ಚಲೋ ಐತೆ" ಎಂದು ಹಳೆಯದನ್ನೇ ಕೇಳಿ ಪಡೆದು ಕೂಡಿಸಿ, ಚಾರ್ಜ್ ಮಾಡಿದ ಬ್ಯಾಟರಿಗೆ ತಂತಿ ಜೋಡಿಸಿ ಚಾವಿ ತಿರುಗಿಸಿದರು. ಕಾರು ಒಂದೇ ಸಲಕ್ಕೆ ಹತ್ತಿಕೊಂಡಿತು. ನನಗೆ ಅದರ ಸದ್ದು ಕೇಳುವುದೇ ಬೇಡವಾಗಿತ್ತು.

ಗಿರಿಜಾ ಕೊಟ್ಟ ಕಾಫಿ ಕುಡಿಯುತ್ತ ಅವರು ಹೇಳಿದರು, "ನ್ಯಾಮತಿ ಓಂಕಾರಪ್ಪನೋರು ಜೀಪು ಕಳಿಸ್ತೀನಿ ಅಂದಿದ್ರು. ಇಂಜಿನ್ ಪೂರ್ತಿ ಇಳಿಸೋ ಕೆಲಸ, ತಿಂಗಳು ಹಿಡೀತದೆ. ಮೊನ್ನೆ ಫೋನ್ ಮಾಡಿ ಬ್ಯಾಡ ಅಂದ್ರು. ಶಿವಮೊಗ್ಗಕ್ಕೆ ಕಳಿಸ್ತಾರಂತೆ. ಯಾರೋ ಏನೋ ಹೇಳ್ಯಾರೆ. ನಿಮಗೇನಾದ್ರೂ ಗೊತ್ತೈತಾ ಸಾರ್?"

ನಾನು "ಇಲ್ಲ" ಎಂದೆ.

ವಿಭೂತಿ ಹಚ್ಚಿದ್ದು ದಡ್ಡತನ, ಹೋಟೆಲಿನ ಮಾತು ದುಡುಕು. ಅವೆರಡನ್ನೂ ಹೇಗೋ ಸಮಜಾಯಿಷಿ ಹೇಳಿ ದಾಟಿಸಬಹುದು. ಆದರೆ ಈ "ಇಲ್ಲ"ಕ್ಕೆ ನನ್ನಲ್ಲಿ ಯಾವ ಸಮಜಾಯಿಷಿಯೂ ಇರಲಿಲ್ಲ. ಕಣ್ಣೆದುರು ವಿಭೂತಿ ಹಚ್ಚಿಕೊಂಡು ಕೂತ ಮನುಷ್ಯನಿಗೆ ಹೇಳಿದ ಸುಳ್ಳು ಅದು. ಅವರು ಹೋದ ಮೇಲೆ ಗಿರಿಜಾ ಲೋಟ ಎತ್ತಿಕೊಳ್ಳುತ್ತ ನನ್ನ ಮುಖ ನೋಡಿದಳು. ಎರಡು ದಿನ ರುದ್ರಣ್ಣನ ಹೋಟೆಲಿಗೆ ಹೋಗಲಿಲ್ಲ. ತರಗತಿಯಲ್ಲಿ ವಿದ್ಯುತ್ತಿನ ಪಾಠ ಬಂದಿತ್ತು, ಅದನ್ನು ಬಿಟ್ಟು ಬೆಳಕಿನ ಪಾಠ ಶುರು ಮಾಡಿದೆ. ಭಾನುವಾರ ಇನ್ನು ತಡೆಯಲಾರದೆ ಕಾರು ಹತ್ತಿ ನ್ಯಾಮತಿಗೆ ಹೋದೆ. ಜೀಪು ಶಿವಮೊಗ್ಗಕ್ಕೆ ಹೋಗುವ ಮೊದಲು ಓಂಕಾರಪ್ಪನವರಿಗೆ ನಿಜ ಹೇಳಿಬಿಡಬೇಕಿತ್ತು.

ಪುಣ್ಯಕ್ಕೆ ಜೀಪು ಅಂಗಳದಲ್ಲೇ ಇತ್ತು. ಎಲ್ಲವನ್ನೂ ಹೇಳಿದೆ, ಊದಿನಕಡ್ಡಿಯನ್ನೂ ಬಿಡದೆ. ಓಂಕಾರಪ್ಪನವರು ಕೇಳಿಸಿಕೊಂಡು ಜೋರಾಗಿ ನಕ್ಕರು. "ಫಿಸಿಕ್ಸ್ ಹೇಳೋ ಮೇಷ್ಟ್ರು ಪಾಯಿಂಟಿಗೆ ವಿಭೂತಿ ಬಳೀತಾರೆ ಅಂದ್ರೆ ಯಾರು ನಂಬ್ತಾರ್ರೀ? ನನಗೆ ತಿಳೀತದೆ ಬಿಡ್ರಿ. ಅವ್ನು ಬಂದು ನಿಮ್ ಹತ್ರ ಅತ್ತಿರ್ತಾನೆ. ನಿಮ್ದು ದೊಡ್ಡ ಮನಸು, ತಪ್ಪು ಮೈಮೇಲೆ ಹಾಕ್ಕಣಾಕೆ ಬಂದೀರಿ." ಮನೆಯವರನ್ನು ಕರೆದು, "ಇವ್ರು ನೋಡ್ರಿ, ಎಂಥ ಮನುಷ್ಯರು" ಎಂದು ಪರಿಚಯ ಮಾಡಿಸಿದರು. ಊಟಕ್ಕೆ ಕೂರಿಸಿದರು, ನನ್ನ ತಟ್ಟೆಗೆ ಎರಡು ಹೋಳಿಗೆ ಹೆಚ್ಚೇ ಬಿದ್ದವು. ಸುಳ್ಳನ್ನು ಒಂದೇ ಮಾತಿಗೆ ನಂಬಿದ ಮನುಷ್ಯ ನಿಜವನ್ನು ಹೋಳಿಗೆ ಹಾಕಿ ವಾಪಸು ಕಳಿಸುತ್ತಿದ್ದರು.

ಮಾತಿನಿಂದ ಆಗದಿದ್ದರೆ ಪ್ರಯೋಗದಿಂದ ತೋರಿಸಬೇಕು. ಅವರ ದೇವರ ಮನೆಯಿಂದಲೇ ವಿಭೂತಿ, ಊದಿನಕಡ್ಡಿ ತರಿಸಿದೆ. ಓಂಕಾರಪ್ಪನವರು, ಅವರ ಮನೆಯವರು, ಇಬ್ಬರು ಹಮಾಲರು ಸುತ್ತ ನಿಂತರು. ನನ್ನ ಕಾರಿನ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಮೂರು ಪಟ್ಟೆ ಎಳೆದು, ಬಿಸಿಲಿಗೆ ಒಣಗಿಸಿ, ಚಾವಿ ತಿರುಗಿಸಿದೆ. ಕರ್ರ್ ಎಂದಿತು, ಹತ್ತಲಿಲ್ಲ. ಗೆದ್ದೆ ಎಂದುಕೊಂಡು ತಿಪ್ಪೇಸ್ವಾಮಿಯ ಹಾಗೆಯೇ ಕಾಗದ ಆಡಿಸಿ ಒರೆಸಿದೆ. ಮತ್ತೆ ತಿರುಗಿಸಿದೆ. ಆಗಲೂ ಹತ್ತಲಿಲ್ಲ. ಇನ್ನೂ ಜೋರಾಗಿ ಒರೆಸಿದೆ, ಏನೋ ಸ್ಕ್ರೂ ಸಡಿಲಾಯಿತು, ಬಿಗಿ ಮಾಡಿದೆ, ಇನ್ನೊಂದು ಸಡಿಲಾಯಿತು. ಓಂಕಾರಪ್ಪನವರ ಮುಖದ ಮೇಲಿದ್ದ ಗೌರವ ನಿಧಾನವಾಗಿ ಇಳಿಯುವುದನ್ನು ನಾನು ನೋಡುತ್ತಿದ್ದೆ. ಕೊನೆಗೆ ಅವರೇ, "ಮೇಷ್ಟ್ರೇ, ನೀವು ಹೇಳಿದ್ದು ಖರೇನೇ ಇರ್ಬೇಕು ಅನ್ನಿಸ್ತದೆ" ಎಂದರು. ಬೇರೆ ದಾರಿ ಕಾಣದೆ ತಿಪ್ಪೇಸ್ವಾಮಿಗೆ ಫೋನ್ ಮಾಡಿದೆ.

ಅವರು ಬಸ್ಸಿಗೆ ಬಂದರು. ಮುಚ್ಚಳ ತೆಗೆದು ಒಳಗೆ ನೋಡಿದರು. ನನ್ನ ಕಡೆ ತಿರುಗಿ, "ಇವತ್ತು ಯಾವ ಹಬ್ಬ ಸಾರ್?" ಎಂದು ಕೇಳಿದರು. ಅಷ್ಟು ಜನರ ನಡುವೆ ಹೇಳಬೇಕಾಯಿತು. ಕಾಯಿಲ್ ಕದ್ದರೆಂದು ಹೋಟೆಲಿನಲ್ಲಿ ಹೇಳಿದವನು ನಾನೇ ಎಂದೆ. ಅವರು ಪಾಯಿಂಟಿನ ಸಂದಿಯನ್ನು ಕಣ್ಣಳತೆಯಲ್ಲೇ ಸರಿಮಾಡುತ್ತ, "ಗೊತ್ತಿತ್ತು ಸಾರ್. ಅವತ್ತೇ ರುದ್ರಣ್ಣ ಹೇಳಿದ್ದ" ಎಂದರು.

"ಮತ್ತೆ ನನ್ನನ್ನ ಯಾಕೆ ಕೇಳಿದ್ರಿ?"

"ನೀವೇ ಹೇಳ್ತೀರೇನೋ ಅಂತ ಕೇಳಿದೆ."

ಓಂಕಾರಪ್ಪನವರು ಬೇರೆ ಕಡೆ ನೋಡಿದರು. ಒಳಗೆ ಹೋಗಿ ಜೀಪಿನ ಚಾವಿ ತಂದು ತಿಪ್ಪೇಸ್ವಾಮಿಯ ಕೈಗೆ ಕೊಟ್ಟು, "ಇವತ್ತೇ ತಗಂಡು ಹೋಗಪ್ಪ" ಎಂದರು. ಜೀಪಿನ ಇಂಜಿನ್ನು ಜಾಮ್ ಆಗಿ ಹಿಡಿದುಕೊಂಡಿತ್ತು, ಎಳೆದೊಯ್ಯಬೇಕಿತ್ತು. ಎಳೆಯುವ ಗಾಡಿಯನ್ನು ಹುಷಾರಾಗಿ ಓಡಿಸಬೇಕು, ಹಿಂದಿನ ಗಾಡಿಯಲ್ಲಿ ಯಾರಾದರೂ ಸುಮ್ಮನೆ ಸ್ಟೇರಿಂಗ್ ಹಿಡಿದು ಕೂತರೆ ಸಾಕು ಎಂದರು ತಿಪ್ಪೇಸ್ವಾಮಿ. ಯಾರು ಎಲ್ಲಿ ಕೂರಬೇಕೆಂದು ಯಾರೂ ಕೇಳಲಿಲ್ಲ. ಅವರು ನನ್ನ ಕಾರು ಓಡಿಸಿದರು. ನಾನು ಸತ್ತ ಜೀಪಿನಲ್ಲಿ ಕೂತು, ಹಗ್ಗದ ತುದಿಯಲ್ಲಿ, ನನ್ನದೇ ಕಾರಿನ ಹೊಗೆ ಕುಡಿಯುತ್ತ ಹೊನ್ನಾಳಿಯವರೆಗೂ ಬಂದೆ.

ಶೆಡ್ಡಿಗೆ ಹೋಗುವರೆಂದುಕೊಂಡಿದ್ದೆ. ಅವರು ರುದ್ರಣ್ಣನ ಹೋಟೆಲಿನ ಮುಂದೆ ನಿಲ್ಲಿಸಿ, "ಟೀ ಕುಡಿಯಣ ಬರ್ರಿ ಸಾರ್" ಎಂದರು. ಬೆಂಚು ತುಂಬಿತ್ತು. ನಾನು ಕೂರಲಿಲ್ಲ. ನಿಂತೇ, ಎಲ್ಲರಿಗೂ ಕೇಳುವ ಹಾಗೆ, ತಿಪ್ಪೇಸ್ವಾಮಿ ನನ್ನ ಕಾಯಿಲ್ ಮುಟ್ಟಿಲ್ಲ, ಗಾಡಿ ಕೆಡಿಸಿದವನು ನಾನೇ, ಪಾಯಿಂಟಿಗೆ ವಿಭೂತಿ ಹಚ್ಚಿದ್ದೆ ಎಂದೆ. ಜೇಬಿನಲ್ಲಿ ಓಂಕಾರಪ್ಪನವರ ಮನೆಯ ವಿಭೂತಿ ಇನ್ನೂ ಸ್ವಲ್ಪ ಉಳಿದಿತ್ತು. ನಂಬದಿದ್ದರೆ ಇಲ್ಲೇ ಮಾಡಿ ತೋರಿಸುವ ತಯಾರಿಯಲ್ಲಿದ್ದೆ. ರುದ್ರಣ್ಣ ಟೀ ಸೋಸುವುದನ್ನು ನಿಲ್ಲಿಸಲೂ ಇಲ್ಲ. "ಅಷ್ಟೇನಾ? ಅವತ್ತು ನೀವು ಕಾಯಿಲ್ ಅಂದಾಗ್ಲೇ ನೀವೇ ಏನೋ ಮಾಡ್ಕಂಡೀರಿ ಅಂತ ಅನ್ಕಂಡ್ವಿ" ಎಂದ. ಬೆಂಚಿನ ಮೇಲಿದ್ದವರೆಲ್ಲ ಹ್ಞೂಂ ಎಂದು ತಲೆಯಾಡಿಸಿದರು. ನ್ಯಾಮತಿಯಲ್ಲಿ ಮಧ್ಯಾಹ್ನವೆಲ್ಲ ಹಿಡಿದ ಪ್ರಯೋಗವನ್ನು ನನ್ನ ಊರಿನಲ್ಲಿ ಒಬ್ಬರೂ ಮಾಡಿ ತೋರಿಸಿ ಎನ್ನಲಿಲ್ಲ.