ಗೋಡೌನಿನ ಮೂಲವೂ ನನ್ನ ಕೆಂಪು ಪೆನ್ನೂ

ಇಂಗ್ಲಿಷ್ ಪಾಠ ಹೇಳುವವರಿಗೆ ಒಂದು ಕಾಯಿಲೆ ಇರುತ್ತದೆ. ಅದು ಗಂಟಲಿನದು. ‘ಗೊತ್ತಿಲ್ಲ’ ಎಂಬ ಮಾತು ಹೊಟ್ಟೆಯಿಂದ ಹೊರಟು ಗಂಟಲಿನವರೆಗೆ ಬರುತ್ತದೆ, ಅಲ್ಲಿ ನಿಂತು ಒಂದು ಸಲ ಕೆಮ್ಮುತ್ತದೆ, ಆಮೇಲೆ ಬೇರೆ ಏನೋ ಆಗಿ ಆಚೆಗೆ ಬರುತ್ತದೆ. ಲೆಕ್ಕದ ಮಿಸ್ಸಿಗೆ ಈ ಕಷ್ಟವಿಲ್ಲ. ಬರದ ಲೆಕ್ಕವನ್ನು ಹೋಂವರ್ಕ್ ಕೊಟ್ಟುಬಿಟ್ಟರೆ ಯಾರದೋ ಮನೆಯಲ್ಲಿ ಯಾರೋ ಬಿಡಿಸಿ ಕಳಿಸುತ್ತಾರೆ. ಇಂಗ್ಲಿಷ್ ಮಿಸ್ಸನ್ನು ಮಾತ್ರ ಜನ ಬೀದಿಯಲ್ಲಿ, ಬಸ್ಸಿನಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಹಿಡಿದು ನಿಲ್ಲಿಸಿ ಪದದ ಅರ್ಥ ಕೇಳುತ್ತಾರೆ. ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ‘ಗೊತ್ತಿಲ್ಲ’ ಎಂದಿಲ್ಲ. ಇದರಿಂದ ಎಷ್ಟು ಮಕ್ಕಳ ತಲೆಯೊಳಗೆ ಏನೇನು ಹೋಗಿ ಕೂತಿದೆಯೋ ಎಂದು ನೆನೆದಾಗಲೆಲ್ಲ ನನಗೆ ಬೆವರುತ್ತದೆ.

ನಮ್ಮ ಬಸವೇಶ್ವರನಗರದ ಮನೆಯ ಹತ್ತಿರ ಒಂದು ಪಾರ್ಕಿದೆ. ಡಾಕ್ಟರು ಹೇಳಿದರೆಂದು ಬೆಳಿಗ್ಗೆ ಆರಕ್ಕೆ ಅಲ್ಲಿ ನಡೆಯುತ್ತೇನೆ. ಅದರ ಗೇಟಿನ ಪಕ್ಕ ಒಂದು ಕರಿಹಲಗೆ ಇದೆ. ಮೊದಲು ಅದರ ಮೇಲೆ ಸಣ್ಣಪುಟ್ಟ ಉಪದೇಶಗಳಿರುತ್ತಿದ್ದವು: ನಗುತ್ತಿರಿ, ನೀರು ಕುಡಿಯಿರಿ, ನಾಯಿಗೆ ಬಿಸ್ಕತ್ತು ಹಾಕಬೇಡಿ. ಯಾರೂ ಓದುತ್ತಿರಲಿಲ್ಲ, ಆದ್ದರಿಂದ ಯಾರಿಗೂ ತೊಂದರೆಯಿರಲಿಲ್ಲ. ಎರಡು ವರ್ಷದ ಹಿಂದೆ ಕರಿಬಸಪ್ಪ ಎಂಬವರು ಬಂದರು, ಸೀಮೆಸುಣ್ಣವನ್ನು ಕೈಗೆ ತೆಗೆದುಕೊಂಡರು. ದಾವಣಗೆರೆ ಕಡೆಯವರು. ಯಾವುದೋ ಇಲಾಖೆಯ ಟಪಾಲು ವಿಭಾಗದಲ್ಲಿ ಮೂವತ್ತೈದು ವರ್ಷ ಬಂದ ಕಾಗದ, ಹೋದ ಕಾಗದ ಎಂದು ರಿಜಿಸ್ಟರಿನಲ್ಲಿ ಬರೆದು ನಿವೃತ್ತರಾದವರು. ಈಗ ಕಾಗದದ ಬದಲು ಇಂಗ್ಲಿಷ್ ಪದಗಳು ಎಲ್ಲಿಂದ ಬಂದವು, ಎಲ್ಲಿಗೆ ಹೋದವು ಎಂದು ಹಲಗೆಯ ಮೇಲೆ ಬರೆಯತೊಡಗಿದರು. ಅದೂ ಒಂದೊಂದಲ್ಲ, ದಿನಕ್ಕೊಂದು ಜೋಡಿ. ಕೇಳುವುದಕ್ಕೆ ಒಂದೇ ಥರ, ಹುಟ್ಟಿದ್ದು ಬೇರೆ ಬೇರೆ ಮನೆಯಲ್ಲಿ; ಇಲ್ಲವೇ ಕೇಳುವುದಕ್ಕೆ ಬೇರೆ ಬೇರೆ, ಮೂಲದ ಅರ್ಥ ಒಂದೇ.

ನನಗೆ ಇದು ಎಷ್ಟು ಉರಿಯಿತೆಂದರೆ, ಮೊದಲ ವಾರ ನಾನು ಹಲಗೆಗೆ ಬೆನ್ನು ಮಾಡಿ ಗೇಟು ದಾಟುತ್ತಿದ್ದೆ. ಇಂಗ್ಲಿಷ್ ನನ್ನ ಇಲಾಖೆ. ಟಪಾಲಿನವರು ಬಂದು ಅದರಲ್ಲಿ ಸೀಲು ಒತ್ತುವುದೆಂದರೇನು? ಅದೂ ಎಂಥ ಪದಗಳು! ನಾಯ್ಸಮ್ ಎಂದರೆ ಗದ್ದಲ ಅಲ್ಲ, ದುರ್ನಾತ. ನಾಯ್ಸ್ ಎಂಬುದಕ್ಕೂ ಅದಕ್ಕೂ ನೆಂಟಸ್ತನವೇ ಇಲ್ಲ ಎಂದು ಒಂದು ದಿನ. ಹೋರ್ಡ್ ಎಂದರೆ ಕೂಡಿಟ್ಟ ನಿಧಿ, ಇನ್ನೊಂದು ಹೋರ್ಡ್ ಎಂದರೆ ದಂಡು, ಆ ದಂಡು ತುರ್ಕಿಯವರ ಪಾಳೆಯದ ಮಾತಿನಿಂದ ಬಂತು, ನಮ್ಮ ಉರ್ದು ಭಾಷೆಯ ಹೆಸರೂ ಅದೇ ಪಾಳೆಯದ್ದು ಎಂದು ಮತ್ತೊಂದು ದಿನ. ಈ ಪದಗಳನ್ನು ಇಡೀ ಮಾಗಡಿ ರೋಡಿನಲ್ಲಿ ಯಾರಾದರೂ ಒಮ್ಮೆಯಾದರೂ ಬಳಸಿದ್ದಾರೆಯೇ? ಕಾಮಾಕ್ಷಿಪಾಳ್ಯದ ಬಸ್ಸಿನಲ್ಲಿ ಕಂಡಕ್ಟರು ‘ನಾಯ್ಸಮ್ ಆಗ್ತಿದೆ, ಕಿಟಕಿ ತೆಗೀರಿ’ ಎನ್ನುತ್ತಾನೆಯೇ? ಹೀಗೆಲ್ಲ ಮನಸ್ಸಿನಲ್ಲೇ ಹೀಯಾಳಿಸುತ್ತ ಮೂರು ಸುತ್ತು ಹೊಡೆಯುತ್ತಿದ್ದೆ. ಹೀಯಾಳಿಸುವಾಗ ನಡಿಗೆ ಚುರುಕಾಗುತ್ತದೆ ಎಂಬುದೊಂದೇ ಲಾಭ. ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಯಾವುದೂ ನನಗೆ ಮೊದಲು ಗೊತ್ತಿರಲಿಲ್ಲ.

ಹಲಗೆಯ ಮುಂದೆ ತಪ್ಪದೆ ನಿಲ್ಲುವವರೆಂದರೆ ಜಯಕ್ಕ. ಸುಂಕದಕಟ್ಟೆಯ ಹಳೆಯ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲಾಗಿ ಶೀಟಿನ ಶೆಡ್ಡುಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಆದ್ದರಿಂದಲೇ ಅವರಿಗೆ ಎಲ್ಲದರಲ್ಲೂ ಆಸಕ್ತಿ. ಡಿನ್ನರ್ ಎಂಬ ಪದದ ಬೇರು ಹಿಡಿದು ಹೋದರೆ ‘ಉಪವಾಸ ಮುರಿಯುವುದು’ ಎಂಬ ಅರ್ಥ ಸಿಗುತ್ತದೆ, ಅಂದರೆ ಬ್ರೇಕ್‌ಫಾಸ್ಟ್ ಮತ್ತು ಡಿನ್ನರ್ ಮೂಲದಲ್ಲಿ ಒಂದೇ ಎಂದು ಕರಿಬಸಪ್ಪನವರು ವಿವರಿಸಿದ ದಿನ ಜಯಕ್ಕ ಕೆನ್ನೆಗೆ ಕೈಹಚ್ಚಿಕೊಂಡರು. “ಅಯ್ಯೋ ಪಾಪ, ಸಾಯಂಕಾಲದ ಗಂಟ ಏನೂ ತಿಂತಿರ್ಲಿಲ್ವಾ ಅವ್ರು? ಅದಕ್ಕೇ ಹಂಗೆ ಬೆಳ್ಳಗಿರ್ತಾರೆ ಬಿಡಿ.”

ಒಂದು ದಿನ ಈ ಜಯಕ್ಕ ನನ್ನ ಪ್ರಾಣಕ್ಕೆ ಸಂಚಕಾರ ತಂದರು. “ಸಾರ್, ನಮ್ ಶೆಡ್‌ಗಳ್ನ ಎಲ್ಲಾ ಗೋಡೌನು ಗೋಡೌನು ಅಂತಾರಲ್ಲ, ಯಾಕೆ? ಡೌನು ಅಂದ್ರೆ ಕೆಳಕ್ಕೆ ಅಂತ ನನ್ ಮೊಮ್ಮಗಳು ಹೇಳ್ತು. ನಮ್ದು ನೆಲದ್ ಮೇಲೇ ಐತಲ್ಲ?”

ಕರಿಬಸಪ್ಪನವರು ಸೀಮೆಸುಣ್ಣ ಕೆಳಗಿಟ್ಟರು. “ಒಳ್ಳೇ ಪ್ರಶ್ನೆ ಅಮ್ಮಾ. ನಾನು ನೋಡಿಲ್ಲ. ಇಲ್ಲೇ ಇದಾರಲ್ಲ ಮೇಡಂ, ಅವರನ್ನೇ ಕೇಳೋಣ.”

ನೋಡಿ, ಆ ಮನುಷ್ಯ ಎಷ್ಟು ಸಲೀಸಾಗಿ ‘ನೋಡಿಲ್ಲ’ ಎಂದರು! ನನ್ನ ಗಂಟಲಿಗೂ ಆ ಮಾತು ಬಂತು. ನಿಂತಿತು. ಕೆಮ್ಮಿತು. ಆಮೇಲೆ ನಾನು ಹೇಳಿದ್ದು ಇದು: “ಬ್ರಿಟಿಷರ ಕಾಲದಲ್ಲಿ ಸಾಮಾನೆಲ್ಲ ನೆಲಮಾಳಿಗೇಲಿ ಇಡ್ತಿದ್ರು ಜಯಕ್ಕ. ಮೂಟೆ ಹೊತ್ತ ಕೂಲಿಗಳಿಗೆ ದೊರೆ ಮೇಲೆ ನಿಂತು ‘ಗೋ, ಡೌನ್’ ಅಂತ ಕೂಗ್ತಿದ್ದ. ಹಂಗೇ ಹೆಸರು ಉಳ್ಕೊಂಡ್‌ಬಿಡ್ತು.” ಹೇಳುತ್ತಾ ಹೇಳುತ್ತಾ ಆ ದೊರೆ ನನಗೇ ಕಾಣಿಸತೊಡಗಿದ, ಅವನಿಗೊಂದು ಹ್ಯಾಟು ಇತ್ತು, ಕೈಯಲ್ಲಿ ಬೆತ್ತ ಇತ್ತು. ಕರಿಬಸಪ್ಪನವರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡರು. ಜಯಕ್ಕ ಅದನ್ನು ಆ ವಾರದೊಳಗೆ ತಮ್ಮ ಬಾಡಿಗೆದಾರರಿಗೆಲ್ಲ ಹೇಳಿ ಮುಗಿಸಿದರು. ಹತ್ತು ದಿನದ ಮೇಲೆ ನಮ್ಮ ಮನೆಯ ಹತ್ತಿರದ ಹಾಲಿನ ಅಂಗಡಿಯಾತ ಅದೇ ಕಥೆಯನ್ನು ನನಗೇ ಹೇಳಿದ. ಅಷ್ಟರಲ್ಲಿ ದೊರೆಗೆ ಒಂದು ಕುದುರೆಯೂ ಬಂದಿತ್ತು.

ಇದು ಇಲ್ಲಿಗೇ ಮುಗಿದಿದ್ದರೆ ನಾನು ಸುಖವಾಗಿರುತ್ತಿದ್ದೆ. ಆದರೆ ಪಾರ್ಕಿನ ನಡಿಗೆದಾರರ ಸಂಘಕ್ಕೆ ಹತ್ತು ವರ್ಷ ತುಂಬಿತು. ಕರಿಬಸಪ್ಪನವರ ಜೋಡಿ ಪದಗಳನ್ನು ಪುಸ್ತಕವಾಗಿ ತರಬೇಕೆಂದು ತೀರ್ಮಾನವಾಯಿತು. ಅವರು ಕಂದು ಕಾಗದದ ರಟ್ಟು ಹಾಕಿದ ಉದ್ದನೆಯ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಮನೆಗೆ ಬಂದರು. “ಮೇಡಂ, ತಾವು ಒಂದ್ಸಲ ಪರಿಶೀಲಿಸಿ ಕೊಡ್ಬೇಕು. ತಮ್ಮ ಕಣ್ಣಿಗೆ ಬೀಳದೆ ಪ್ರೆಸ್ಸಿಗೆ ಹೋಗೋದು ಸರಿಯಲ್ಲ.”

ನೋಟ್‌ಬುಕ್ಕು ಮೂರು ವಾರ ನಮ್ಮ ಟೀಪಾಯಿಯ ಮೇಲೆ ಬಿದ್ದಿತ್ತು. (ಟೀಪಾಯಿಗೂ ಟೀಗೂ ಸಂಬಂಧವಿಲ್ಲವಂತೆ, ಮೂರು ಕಾಲಿನದು ಎಂದು ಅರ್ಥವಂತೆ. ನಮ್ಮ ಮನೆಯದಕ್ಕೆ ನಾಲ್ಕು ಕಾಲಿದೆ, ಒಂದು ಅಲ್ಲಾಡುತ್ತದೆ, ಆದ್ದರಿಂದ ಸರಿಯೇ ಇರಬಹುದು.) ನಮ್ಮವರು ನೋಟ್‌ಬುಕ್ಕಿನ ಮೇಲೆ ಕಾಫಿ ಲೋಟ ಇಟ್ಟು ದುಂಡಗೆ ಕಲೆ ಮಾಡಿದರು. ಕೊನೆಗೆ ಒಂದು ಭಾನುವಾರ, ನಾಳೆ ಕೊಡಲೇಬೇಕು ಎಂದಾದಾಗ, ಒಂಬತ್ತನೇ ತರಗತಿಯ ಅರವತ್ತು ಕಾಂಪೋಸಿಷನ್ ಪುಸ್ತಕಗಳ ಜೊತೆಗೆ ಅದನ್ನೂ ಸೇರಿಸಿಕೊಂಡು ಟಿವಿಯ ಮುಂದೆ ಕೂತೆ. ಮೇಷ್ಟ್ರುಗಳ ಕರೆಕ್ಷನ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೆಂಪು ಪೆನ್ನಿನಲ್ಲಿ ಪುಟದ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಒಂದು ಟಿಕ್ಕು, ಕೆಳಗೆ ‘ಸೀನ್’ ಅಂದರೆ ‘ನೋಡಿದ್ದೇನೆ’ ಎಂದು ಬರಹ, ಚಿಕ್ಕ ಸಹಿ, ತಾರೀಖು. ಪುಸ್ತಕ ತೆರೆಯುವುದು ಎಡಗೈ, ಗೀಚುವುದು ಬಲಗೈ, ಕಣ್ಣಿಗೆ ಬೇರೆ ಕೆಲಸವಿರುತ್ತದೆ. ಧಾರಾವಾಹಿಯಲ್ಲಿ ಅತ್ತೆಗೆ ಪ್ರಜ್ಞೆ ಬರುವಷ್ಟರಲ್ಲಿ ಅರವತ್ತೊಂದೂ ಮುಗಿದವು. ಮರುದಿನ ಕರಿಬಸಪ್ಪನವರ ಕೈಗಿಟ್ಟು “ಎಲ್ಲಾ ನೋಡಿದೆ ಸಾರ್, ಒಂದೂ ತಪ್ಪಿಲ್ಲ” ಎಂದೆ. ಅವರು ಪುಟ ತಿರುಗಿಸಿ ತಿರುಗಿಸಿ ನೋಡಿದರು; ಪ್ರತಿ ಪುಟದಲ್ಲೂ ನನ್ನ ಸಹಿ. ಅವರ ಕಣ್ಣು ತೇವವಾಯಿತು. “ನಮ್ಮ ಆಫೀಸಿನಲ್ಲಿ ಯಾವ ಸಾಹೇಬರೂ ಇಷ್ಟು ಶ್ರದ್ಧೆಯಿಂದ ಕಡತ ನೋಡಿರ್ಲಿಲ್ಲ ಮೇಡಂ.”

ಅದಾಗಿ ಹದಿನೈದು ದಿನ ಕಳೆದಿರಬಹುದು. ಸ್ಕೂಲಿನ ಲೈಬ್ರರಿಯಲ್ಲಿ ಬಿಡುವಿನ ವೇಳೆ, ಮಾಡಲು ಕೆಲಸವಿಲ್ಲದೆ, ದಪ್ಪ ನಿಘಂಟೊಂದನ್ನು ತೆರೆದೆ. ತೆರೆಯಬಾರದಿತ್ತು. ಗೋಡೌನ್ ಎಂಬುದು ಮಲಯ ಭಾಷೆಯ ಗುದಾಂಗಿನಿಂದ ಬಂದದ್ದು, ಅದರ ಹಿಂದೆ ನಮ್ಮ ಕಡೆಯದೇ, ತೆಲುಗಿನ ಗಿಡ್ಡಂಗಿಯೋ ತಮಿಳಿನ ಕಿಡಂಗೋ ಇರಬಹುದು ಎಂದಿತ್ತು. ದೊರೆ ಇಲ್ಲ. ಬೆತ್ತ ಇಲ್ಲ. ಕುದುರೆಯಂತೂ ಇಲ್ಲವೇ ಇಲ್ಲ. ಪಕ್ಕದ ತೆಲುಗಿನವರ ಮನೆಯಿಂದ ಹೊರಟು ಸಮುದ್ರ ಸುತ್ತಿ ಬಂದ ಪದಕ್ಕೆ ನಾನು ಹ್ಯಾಟು ತೊಡಿಸಿ ಕೂರಿಸಿದ್ದೆ!

ಕರಿಬಸಪ್ಪನವರು ಬರೆದುಕೊಂಡಿದ್ದ ಆ ಕಥೆ ಪುಸ್ತಕದಲ್ಲೂ ಇದ್ದೇ ಇರುತ್ತದೆ ಎಂದು ಮನೆಗೆ ಬಂದು ನಮ್ಮವರಿಗೆ ಹೇಳಿದೆ. “ಯಾರೇ ಓದ್ತಾರೆ ಅದನ್ನ? ಬಿಡು” ಎಂದರು. ಅವರು ಎಲ್ಲದಕ್ಕೂ ಹಾಗೇ ಅನ್ನುತ್ತಾರೆ. ಗ್ಯಾಸ್ ವಾಸನೆ ಬಂದರೂ ‘ಬಿಡು’ ಎನ್ನುವವರು. ನನ್ನ ಚಿಂತೆಗೆ ಕಾರಣವಿತ್ತು. ಪುಸ್ತಕ ಬಿಡುಗಡೆಗೆ ಮುಖ್ಯ ಅತಿಥಿಯಾಗಿ ಬರುತ್ತಿದ್ದವರು ನಮ್ಮ ಸ್ಕೂಲಿನ ಆಡಳಿತ ಮಂಡಳಿಯ ಕಾರ್ಯದರ್ಶಿಗಳು. ಬರುವ ಜೂನ್‌ನಲ್ಲಿ ನಮ್ಮ ಹೆಡ್‌ಮಿಸ್ ನಿವೃತ್ತರಾಗುತ್ತಾರೆ. ಆ ಕುರ್ಚಿಗೆ ನಾನು ಅಥವಾ ಲೆಕ್ಕದ ಮಿಸ್. ಕಾರ್ಯದರ್ಶಿಗಳ ಮೊದಲ ಭಾಷೆ ತೆಲುಗು. ಅವರು ಪುಸ್ತಕ ತೆರೆದು, ಗೋಡೌನಿನ ಪುಟಕ್ಕೆ ಬಂದು, ಅಲ್ಲಿ ನನ್ನ ಹೆಸರು ನೋಡಿ, ಹುಬ್ಬೇರಿಸುವುದನ್ನು ನಾನು ಆ ವಾರವೆಲ್ಲ ನೋಡಿದೆ: ಸಾಂಬಾರಿನಲ್ಲಿ ನೋಡಿದೆ, ಕರಿಹಲಗೆಯಲ್ಲಿ ನೋಡಿದೆ. ಪ್ರೆಸ್ಸಿನಲ್ಲಿ ಆಗಲೇ ಪುಸ್ತಕಕ್ಕೆ ಹೊಲಿಗೆ ಬಿದ್ದಿತ್ತು. ಕೊನೆಗೆ ನಿರ್ಧರಿಸಿದೆ. ಯಾರಾದರೂ ಹಿಡಿಯುವ ಮೊದಲು ನಾನೇ ಒಪ್ಪಿಕೊಳ್ಳುವುದು. ಒಪ್ಪಿಕೊಂಡವರನ್ನು ಜನ ದೊಡ್ಡವರೆನ್ನುತ್ತಾರೆ. ಇದರಲ್ಲಿ ನನ್ನ ಪ್ರಾಮಾಣಿಕತೆ ಕಾಲು ಪಾಲು, ಕುರ್ಚಿ ಮುಕ್ಕಾಲು ಪಾಲು ಎಂದು ಈಗ ಹೇಳಬಲ್ಲೆ.

ಆ ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಶಾಮಿಯಾನ, ಉಪ್ಪಿಟ್ಟು, ಕೇಸರಿಭಾತು. ಪುಸ್ತಕ ಬಿಡುಗಡೆಯಾಯಿತು. ರೇಷ್ಮೆ ಸೀರೆಯುಟ್ಟ ಜಯಕ್ಕ ಮುಂದಿನ ಸಾಲಿನಲ್ಲಿ. ನನ್ನ ಸರದಿ ಬಂದಾಗ ಮೈಕು ಹಿಡಿದು, ಸ್ವಲ್ಪ ತಲೆ ತಗ್ಗಿಸಿ, ಇಡೀ ಕಥೆ ಹೇಳಿದೆ. ಗೋಡೌನಿಗೆ ನಾನು ಹೇಳಿದ ಮೂಲ ಸುಳ್ಳು, ಗೊತ್ತಿಲ್ಲ ಎನ್ನಲಾಗದೆ ಕಟ್ಟಿ ಹೇಳಿದ್ದು, ಈ ಸೊಗಸಾದ ಪುಸ್ತಕದಲ್ಲಿ ಆ ಒಂದು ಕಳಂಕ ನನ್ನಿಂದ ಉಳಿಯಿತು, ಓದುಗರು ಕ್ಷಮಿಸಬೇಕು. ಕಾರ್ಯದರ್ಶಿಗಳು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಕುರ್ಚಿ ಅರ್ಧ ಅಡಿ ನನ್ನ ಹತ್ತಿರಕ್ಕೆ ಸರಿದಂತೆ ಕಂಡಿತು.

ಆಗ ಕರಿಬಸಪ್ಪನವರು ಎದ್ದರು. ಮುಖದಲ್ಲಿ ನಿಜವಾದ ಗಾಬರಿ. “ಮೇಡಂ, ಪುಸ್ತಕದಲ್ಲಿ ಅದು ಇಲ್ಲವಲ್ಲ?”

“ಅಂದ್ರೆ?”

“ನಾನು ನಿಘಂಟು ನೋಡಿ ಸರಿ ಮಾಡಿದ್ನಲ್ಲ. ತಮಗೆ ಬರೆದೂ ಇದ್ದೆ.” ಅವರು ಚೀಲದಿಂದ ಕಂದು ರಟ್ಟಿನ ನೋಟ್‌ಬುಕ್ಕು ತೆಗೆದರು. ಕಾಫಿ ಕಲೆ ದೂರದಿಂದಲೇ ಗುರುತು ಸಿಕ್ಕಿತು. ಮೈಕಿನ ಹತ್ತಿರ ಬಂದು, ಕನ್ನಡಕ ಏರಿಸಿ, ಹಳೆಯ ಕಡತದ ಟಿಪ್ಪಣಿ ಓದುವ ರಾಗದಲ್ಲೇ ಓದಿದರು: “ಮೇಡಂ ಅವರ ಅವಗಾಹನೆಗೆ. ತಾವು ತಿಳಿಸಿದ ಮೂಲವು ಯಾವ ನಿಘಂಟಿನಲ್ಲೂ ಕಂಡುಬಂದಿರುವುದಿಲ್ಲ. ಆದ್ದರಿಂದ ಮಲಯ ಮೂಲವನ್ನು ನಮೂದಿಸಿದೆ. ಎರಡರಲ್ಲಿ ಯಾವುದನ್ನು ಉಳಿಸಬೇಕೆಂದು ಸೂಕ್ತ ಆದೇಶ ನೀಡಲು ಕೋರಿದೆ.” ಆಮೇಲೆ ನೋಟ್‌ಬುಕ್ಕನ್ನು ಸಭೆಯ ಕಡೆಗೆ ತಿರುಗಿಸಿದರು. “ನೋಡಿ, ಮೇಡಂ ಇಲ್ಲೇ ಟಿಕ್ ಹಾಕಿ, ‘ಸೀನ್’ ಅಂತ ಬರೆದು, ಸಹಿ ಮಾಡಿದಾರೆ. ಅನುಮೋದನೆ ಆಯ್ತು ಅಂತ ನಾನು ಮಲಯಾನೇ ಇಟ್ಟೆ.”

ಆ ಮನುಷ್ಯನಿಗೆ ನನ್ನನ್ನು ಸಿಕ್ಕಿಸುವ ಉದ್ದೇಶ ಒಂದಿಷ್ಟೂ ಇರಲಿಲ್ಲ. ನನ್ನನ್ನು ಕಳಂಕದಿಂದ ಪಾರುಮಾಡಲು ಎದ್ದವರು. ಪುಸ್ತಕದ ಮೊದಲ ಪುಟದಲ್ಲಿ ‘ಪರಿಶೀಲಿಸಿದವರು’ ಎಂದು ದಪ್ಪಕ್ಷರದಲ್ಲಿ ನನ್ನ ಹೆಸರಿತ್ತು. ಯಾರೂ ಕೇಳದ ಒಂದು ಸುಳ್ಳನ್ನು ಒಪ್ಪಿಕೊಳ್ಳಲು ಹೋಗಿ, ಯಾರಿಗೂ ಗೊತ್ತಿಲ್ಲದ ಇನ್ನೊಂದನ್ನು ಮೈಕಿನಲ್ಲಿ ಸಾಬೀತು ಮಾಡಿದ್ದೆ. ಮೊದಲು ಅರ್ಥವಾದದ್ದು ಇಂಗ್ಲಿಷ್ ಅಕ್ಷರ ಬಾರದ ಜಯಕ್ಕನಿಗೆ. “ಅಯ್ಯೋ ಮೇಡಮ್ನೋರೇ, ಓದ್ದೇನೇ ಸೈನ್ ಹಾಕ್‌ಬುಟ್ರಾ? ನಮ್ಮೆಜಮಾನ್ರೂ ಹಿಂಗೇ ಬ್ಯಾಂಕಲ್ಲಿ ಹಾಕಿ ಬಂದಿದ್ರು!” ಶಾಮಿಯಾನವೇ ನಕ್ಕಿತು. ಕಾರ್ಯದರ್ಶಿಗಳು ನಗಲಿಲ್ಲ, ಉಪ್ಪಿಟ್ಟಿನ ತಟ್ಟೆ ಹಿಡಿದು ನನ್ನ ಹತ್ತಿರ ಬಂದು ಬಹಳ ಮೆತ್ತಗೆ ಕೇಳಿದರು: “ಮಕ್ಕಳ ಪುಸ್ತಕಾನೂ ಹೀಗೇ ನೋಡ್ತೀರಾ ಮೇಡಂ?”

ಜೂನ್ ಬಂತು, ಹೋಯಿತು. ಲೆಕ್ಕದ ಮಿಸ್ ಕುರ್ಚಿಗೆ ಹೊಸ ದಿಂಬು ಹಾಕಿಸಿಕೊಂಡಿದ್ದಾರೆ. ಕರಿಬಸಪ್ಪನವರಿಗೆ ನನ್ನ ಮೇಲೆ ಗೌರವ ಕಡಿಮೆಯಾಗಿಲ್ಲ, ಅದೇ ನನಗೆ ಹೆಚ್ಚು ಚುಚ್ಚುವುದು. ಕಳೆದ ತಿಂಗಳು ಎರಡನೇ ಭಾಗದ ನೋಟ್‌ಬುಕ್ಕನ್ನೂ ನನಗೇ ತಂದುಕೊಟ್ಟರು. ಈ ಸಲ ಟಿವಿ ಆರಿಸಿದೆ. ಕನ್ನಡಕ ಒರೆಸಿ ಹಾಕಿಕೊಂಡು, ಸಾಲು ಸಾಲಾಗಿ ಬೆರಳಿಟ್ಟು ಓದಿದೆ. ನಲವತ್ತನೇ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದ ಟಿಪ್ಪಣಿ ಸಿಕ್ಕಿತು: ‘ಮೇಡಂ ಅವರು ಇದನ್ನು ಓದಿದಲ್ಲಿ ದಯವಿಟ್ಟು ಫೋನ್ ಮಾಡುವುದು.’ ಗೆದ್ದೆ ಎನಿಸಿತು. ತಕ್ಷಣ ಫೋನ್ ಮಾಡಿ, “ನೋಡಿದೆ ಸಾರ್, ನಲವತ್ತನೇ ಪುಟ!” ಎಂದೆ.

ಆ ಕಡೆಯಿಂದ ಕರಿಬಸಪ್ಪನವರು ತುಂಬಾ ಸಂಕೋಚದಿಂದ ಕೇಳಿದರು: “ಹನ್ನೆರಡನೇ ಪುಟದಲ್ಲೂ ಒಂದು ಬರೆದಿದ್ನಲ್ಲ ಮೇಡಂ?”